ಅಳುವನ್ನು ಕತ್ತರಿಸಿ ಅಂಟಿಸಿದ ಮಾಸ್ತರರು

ಈರಣ್ಣ ಮಾಸ್ತರರ ಬಾಯಲ್ಲಿ ಎರಡು ವಸ್ತುಗಳು ಸದಾ ಇರುತ್ತಿದ್ದವು. ಎಡದವಡೆಯಲ್ಲಿ ತಂಬಾಕು, ತುಟಿಗಳ ನಡುವೆ ಟೇಪಿನ ತುಂಡು. ರೀಲಿನ ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಬೇಡದ್ದನ್ನು ತೆಗೆದು, ಉಳಿದ ತುದಿಗಳನ್ನು ಮತ್ತೆ ಅಂಟಿಸುವುದು ಅವರ ಕೆಲಸ. ಬೇಕಾದ ತುಂಡು ಗಾಳಿಗೆ ಹಾರಿಹೋಗಬಾರದೆಂದು ತುಟಿಯಲ್ಲಿ ಹಿಡಿದುಕೊಳ್ಳುವರು. ಆಮೇಲೆ ಎಂಜಲು ಹತ್ತಿದ ತುದಿಯನ್ನು ಧೋತರಕ್ಕೆ ಒರೆಸಿ ಅಂಟಿಸುವರು. ನಾನು ಹಾಡಿದ ಸ್ವರ ಅವರ ತಂಬಾಕಿನ ರಸದಲ್ಲಿ ತೊಯ್ಯುವುದನ್ನು ಕಂಡು ಮೊದಲ ದಿನ ನನಗೆ ವಾಕರಿಕೆ ಬಂದಿತ್ತು. ಆಮೇಲೆ ಅಭ್ಯಾಸವಾಯಿತು. ಹೇಗೆ ಅಭ್ಯಾಸವಾಯಿತು ಎಂದು ನೆನೆದರೆ ಈಗ ಅದಕ್ಕಿಂತ ಹೆಚ್ಚು ಹೇಸಿಕೆಯಾಗುತ್ತದೆ.

ಇದು ಎಂಬತ್ತರ ದಶಕದ ನಡುವಿನ ಮಾತು. ಕುಂದಗೋಳದಲ್ಲಿ ಎಂಟು ವರ್ಷ ಗಾಯನ ಕಲಿತು, ಕಛೇರಿಗೆ ಯಾರೂ ಕರೆಯದೆ, ನಾನು ಅಣ್ಣಿಗೇರಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಲ್ಲಿಯ ಕಾಳಿನ ಅಂಗಡಿಗಳ ಹಿಂದೆ, ಹಳೆಯ ಉಗ್ರಾಣದ ಅಟ್ಟದ ಮೇಲೆ ಮಾಸ್ತರರ ಸ್ಟುಡಿಯೋ. ಗೋಡೆಗೆಲ್ಲ ಗೋಣಿತಟ್ಟು, ಅದರ ಮೇಲೆ ನವಲಗುಂದದ ಹಳೆಯ ಜಮಖಾನೆಗಳು. ಅಷ್ಟಾದರೂ ಗದಗಿನ ರೈಲುಗಾಡಿ ಬಂದರೆ ರೆಕಾರ್ಡಿಂಗ್ ನಿಲ್ಲಿಸಲೇಬೇಕು. ಮಾಸ್ತರರು ಮೊದಲು ನಾಟಕ ಕಂಪನಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದವರು. ಕಂಪನಿ ಮುರಿದ ಮೇಲೆ ಎರಡು ಟೇಪಿನ ಯಂತ್ರ ತಂದು ಇಲ್ಲಿ ಕೂತಿದ್ದರು.

ಅವರು ಮಾಡುತ್ತಿದ್ದುದು ಎರಡು ಬಗೆಯ ಸರಕು. ಒಂದು, ಜೀಪಿಗೆ ಧ್ವನಿವರ್ಧಕದ ಕರ್ಣ ಕಟ್ಟಿಕೊಂಡು ಹಳ್ಳಿಹಳ್ಳಿ ತಿರುಗುವವರಿಗೆ ಜಾಹೀರಾತಿನ ಹಾಡು. ಇನ್ನೊಂದು, ಸಿದ್ಧ ಸಂಗೀತ. ತಗಡಿನ ಡಬ್ಬಿಗಳಲ್ಲಿ ರೀಲುಗಳನ್ನಿಟ್ಟು ಮೇಲೆ ಚೀಟಿ ಅಂಟಿಸಿದ್ದರು: ಭಕ್ತಿ, ನಗು, ಮದುವಿ, ಅವಸರ, ದುಃಖ. ನಾಟಕದವರು, ಜಾಹೀರಾತಿನವರು ಬಂದು, "ಮಾಸ್ತರ, ಎರಡು ನಿಮಿಷ ಭಕ್ತಿ ಕೊಡ್ರಿ" ಎಂದು ಬೆಲ್ಲ ಕೇಳಿದಂತೆ ಕೇಳುತ್ತಿದ್ದರು. ಒಮ್ಮೆ ಇಲಿ ಪಾಷಾಣ ಮಾರುವವನೊಬ್ಬನಿಗೆ ಮಾಸ್ತರರು ಭಕ್ತಿಯ ಡಬ್ಬಿಯನ್ನೇ ತೆಗೆದರು.

"ಇಲಿ ಪಾಷಾಣಕ್ಕ ಭಕ್ತಿ ಯಾಕ್ರೀ ಮಾಸ್ತರ?" ಎಂದೆ.

"ಇಲಿ ಎಲ್ಲಿಗಿ ಹೊಂಟಾವ ತಂಗಿ? ಸ್ವರ್ಗಕ್ಕ ಹೌದಲ್ಲೋ?"

ಹೊಟ್ಟೆ ಹಿಡಿದು ನಕ್ಕಿದ್ದೆವು. ಅವರ ಜೊತೆ ನಗುವುದು ಬಹಳ ಸುಲಭವಾಗಿತ್ತು.

ಅವರ ಕಿವಿಯೆಂದರೆ ಅದೊಂದು ಬೇರೆಯೇ ಕಿವಿ. ರಸ್ತೆಯಲ್ಲಿ ಹೋಗುವ ಲಾರಿಯ ಹಾರ್ನಿಗೆ ಪೇಟಿಯ ಸರಿಯಾದ ಮನೆ ಒತ್ತಿ ತೋರಿಸುವರು. ನಾನು ಆಲಾಪ ಶುರು ಮಾಡಿದರೆ ಕೈ ಎತ್ತಿ ತಡೆಯುವರು. "ನಿಮ್ಮ ಗುರುಗಳು ತಾಸಗಟ್ಟಲೆ ಹಾಡಲಿ. ಜೀಪು ಒಂದು ಓಣಿ ದಾಟೂದರೊಳಗ ನಿನ್ನ ರಾಗ ಹುಟ್ಟಬೇಕು, ಬೆಳೀಬೇಕು, ಸಾಯಬೇಕು. ಹಾಡಂದ್ರ ಗಿರಾಕಿ ಕಿವ್ಯಾಗ ಹುಳ ಬಿಡೂದು." ಕರಪತ್ರಗಳ ಅಕ್ಷರವನ್ನೂ ಅವರೇ ಹೇಳಿ ಬರೆಸುತ್ತಿದ್ದರು. ಹಳದಿಯ ಮೇಲೆ ಕೆಂಪು, ಅದೂ ದಪ್ಪ. "ಚಂದ ಬರದ್ರ ಮಂದಿ ನೋಡ್ತಾರ. ಒದರಿದಂಗ ಬರದ್ರ ಓದ್ತಾರ." ಹೊಸ ಜಾಹೀರಾತು ಹೊರಬಿದ್ದ ವಾರ ಸಂತೆಗೆ ಹೋಗಿ, ಏನೂ ಕೊಳ್ಳದೆ, ಜನ ಏನು ಗುನುಗುತ್ತಾರೆಂದು ಕೇಳಿಕೊಂಡು ಬರುತ್ತಿದ್ದರು. ನಾನು ಕೆಮ್ಮಿದರೆ ಜ್ಯೇಷ್ಠಮಧು ತಂದುಕೊಡುವರು. ಒಂದು ದಿನವೂ ನನ್ನನ್ನು ಗದರಿಸಲಿಲ್ಲ. ಕಟುಕನ ಮನೆಯಲ್ಲಿ ಕುರಿಯನ್ನು ಚೆನ್ನಾಗಿಯೇ ಮೇಯಿಸುತ್ತಾರೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಒಂದು ದಿನ ಸೀರೆ ಅಂಗಡಿಯೊಂದರ ಜಾಹೀರಾತು ಬಂತು. ಮಾಸ್ತರರು ಪೇಟಿಯ ಮುಂದೆ ಕೂತು ಒಂದು ಧಾಟಿ ನುಡಿಸಿದರು. ನನಗೆ ಮೈ ಜುಂ ಎಂದಿತು. ಮೇಲಿನಿಂದ ತಟ್ಟನೆ ಇಳಿದು, ನಡುವೆ ಉಸಿರು ಕಟ್ಟಿದಂತೆ ನಿಂತು, ಮತ್ತೆ ನಡುಗುತ್ತ ಮೇಲೇರುವ ಧಾಟಿ. ಯಾವ ರಾಗಕ್ಕೂ ಸೇರದು. "ಎಲ್ಲೀದ್ರಿ ಇದು?" ಎಂದರೆ, "ಜನಪದ ತಂಗಿ, ಗಾಳ್ಯಾಗ ಇರತೈತಿ" ಎಂದರು. ಪದಗಳನ್ನೂ ಅವರೇ ಬರೆದಿದ್ದರು:

ಹಸರ ಸೀರಿ ಉಟ್ಟು ಹೊಂಟಾಳ ಮಗಳು,
ಯಾವ ಅಂಗಡಿಗಿ ಹ್ವಾದಾಳ ಮಗಳು?

ಆಮೇಲೆ ಢೋಲಕ್ಕು, ಗೆಜ್ಜೆ, ಅಂಗಡಿಯ ಹೆಸರು. ಎಂಟು ವರ್ಷದ ಕಲಿಕೆಯನ್ನೆಲ್ಲ ಆ ಎರಡು ಸಾಲಿಗೆ ಸುರಿದು ಹಾಡಿದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಇನ್ನೇನನ್ನೂ ಹಾಡಿಲ್ಲ. ಹದಿನೈದು ದಿನದಲ್ಲಿ ಅಣ್ಣಿಗೇರಿಯಿಂದ ನವಲಗುಂದದವರೆಗೆ ಅದು ಎಲ್ಲರ ಬಾಯಲ್ಲಿತ್ತು. ನೀರಿನ ನಳದ ಹತ್ತಿರ ಹೆಂಗಸರು, "ಇಕಿನ ನೋಡ್ರಿ, ಹಸರ ಸೀರಿಯಾಕಿ" ಎಂದು ನನ್ನನ್ನು ತೋರಿಸುತ್ತಿದ್ದರು. ನಾನು ತಲೆ ಎತ್ತಿ ನಡೆಯುತ್ತಿದ್ದೆ.

ಒಂದು ಮಧ್ಯಾಹ್ನ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಅಟ್ಟದ ಮೆಟ್ಟಿಲು ಹತ್ತಿ ಬಂದಳು. ಹೆಸರು ನೀಲವ್ವ, ನವಲಗುಂದದ ಕಡೆಯ ಹಳ್ಳಿಯವಳು. ಬಾಗಿಲಲ್ಲೇ ನಿಂತು, "ಸೀರಿ ಹಾಡು ಹಾಡಿದಾಕಿ ಯಾರವ್ವ?" ಎಂದಳು.

"ನಾನ ರೀ" ಎಂದೆ. ಹೊಗಳಲು ಬಂದಿದ್ದಾಳೆಂದೇ ತಿಳಿದಿದ್ದೆ.

ಆಕೆ ಒಳಗೆ ಬಂದು ನನ್ನ ಎದುರು ನಿಂತಳು. "ಅದು ನನ್ನ ಅಳು" ಎಂದಳು. "ನನ್ನ ಮಗಳು ಕಾಶವ್ವ ಚೊಚ್ಚಲ ಬಾಣಂತನಕ್ಕ ಬಂದು ತೀರಿಕೊಂಡ್ಲು. ಹಸರ ಸೀರಿ ಉಡಿಸಿ ಕುಂಡ್ರಿಸಿದ್ರು. ಅಕಿ ಮುಂದ ಕುಂತು ನಾ ಹಾಡಿಕೊಂಡು ಅತ್ತೀನಿ. ಅದ ಧಾಟಿ, ಮಾತಷ್ಟ ತಿರುಚ್ಯಾರ. ನಿನಗ ಹೆಂಗ ಸಿಕ್ಕಿತು?"

ನಾನು ಮಾಸ್ತರರ ಕಡೆ ತಿರುಗಿದೆ. ಅವರು ಸುತ್ತಿಬಳಸಿ ಮಾತಾಡಲಿಲ್ಲ. ಆ ಊರಿನಲ್ಲಿ ಜೀಪು ಪಂಕ್ಚರ್ ಆಗಿತ್ತಂತೆ. ಅಳು ಕೇಳಿಸಿತಂತೆ. ಕೈಚೀಲದಲ್ಲಿದ್ದ ಸಣ್ಣ ಟೇಪ್ ರೆಕಾರ್ಡರನ್ನು ಶಾಲಿನೊಳಗಿಟ್ಟುಕೊಂಡು, ದುಃಖಕ್ಕೆ ಬಂದವರ ಜೊತೆ ತಾವೂ ಹೋಗಿ ಕೂತರಂತೆ. ಹೇಳುವಾಗ ಅವರ ಮುಖದಲ್ಲಿ ನಾಚಿಕೆ ಇರಲಿಲ್ಲ. ಒಳ್ಳೆಯ ಎತ್ತು ಆರಿಸಿದವನ ಮುಖ ಇತ್ತು.

"ತಪ್ಪು ತಿಳ್ಕೋಬ್ಯಾಡ್ರಿ ಅವ್ವಾರ" ಎಂದರು. "ನಿಮ್ಮ ದುಃಖ ಈಗ ನಾಕು ಮಂದಿ ಬಾಯಾಗ ಐತಿ. ಅಂಗಡಿಯವರಿಗಿ ಹೇಳಿ ನಿಮಗೊಂದು ಸೀರಿ ಕೊಡಸ್ತೀನಿ."

ನೀಲವ್ವ ಅವರಿಗೆ ಬೆನ್ನು ಹಾಕಿದಳು. ನನಗೇ ಹೇಳಿದಳು: "ನಿಮ್ಮ ಜೀಪು ನಮ್ಮೂರಾಗ ದಿನಾ ಬರತೈತಿ ಯವ್ವಾ. ಮಗಳ ನೆನಪಾಗಿ ಅಳಾಕ ಬಾಯಿ ತಗದ್ರ ನಿಮ್ಮ ಅಂಗಡಿ ಹೆಸರು ಬರತೈತಿ. ಅಳೂ ಮುಂದ ಢೋಲಕ ಕೇಳಸ್ತೈತಿ. ತಿಂಗಳಾತು, ನನಗ ಅಳಾಕ ಬರವಲ್ದು. ಅದನ್ನ ಹೊಳ್ಳಿ ಇಸ್ಕೊಂಡು ಹೋಗಾಕ ಬಂದೀನಿ. ಹೆಂಗ ಕೊಡ್ತೀರಿ, ಹೇಳ್ರಿ."

ನಾನು ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟೆ. ಅದನ್ನು ಮುಟ್ಟದೆ ಆಕೆ ಇಳಿದುಹೋದಳು.

ಮೆಟ್ಟಿಲ ಮೇಲೆ ಆಕೆಯ ಹೆಜ್ಜೆ ಸಪ್ಪಳ ನಿಲ್ಲುವುದನ್ನೇ ಕಾಯುತ್ತಿದ್ದ ಮಾಸ್ತರರು ತೊಡೆ ತಟ್ಟಿದರು. "ಕೇಳಿದ್ಯಾ? ಹೆತ್ತಾಕಿ ದುಃಖಾನ ಹೊರಗ ಹಾಕಿ ಒಳಗ ಕುಂತೈತಿ ನಮ್ಮ ಜಾಹೀರಾತು! ಇದಕ್ಕಿಂತ ಇನ್ನೇನು ಬೇಕು ಲೇ?"

ಅವರ ಹಲ್ಲಿನ ಸಂದಿಯಲ್ಲಿ ತಂಬಾಕಿನ ಎಸಳು ಕಾಣುತ್ತಿತ್ತು. "ಮಾಸ್ತರ, ಇವತ್ತ ಅದನ್ನ ನಿಲ್ಲಸ್ರಿ" ಎಂದೆ.

"ದೀಪಾವಳಿ ಮಟಾ ನಡೀಲಿ. ಯಾರ ಹಾಡಿದ್ರೂ ಗಾಳಿಗಿ ಹೋದದ್ದು ಗಾಳೀದು."

"ಹೊಲಸ ಮಂದಿ ನಾವು" ಎಂದೆ.

"ನಾವು ಅಂದಿ ನೋಡು, ಅದು ಖರೆ" ಎಂದು ನಕ್ಕರು.

ಅಂಗಡಿಯವರ ಹತ್ತಿರವೂ ಹೋದೆ. "ಛಲೋ ನಡದೈತ್ರಿ ಬಾಯಾರ, ಯಾಕ ನಿಲ್ಲಸೂದು?" ಎಂದರು. ಮರುದಿನದಿಂದ ನಾನು ಸ್ಟುಡಿಯೋದ ಅಟ್ಟ ಹತ್ತಲಿಲ್ಲ. ಅದರಿಂದ ಏನೂ ಆಗಲಿಲ್ಲ. ನನ್ನ ದನಿ ದೀಪಾವಳಿಯವರೆಗೂ ಊರೂರು ತಿರುಗಿತು. ಕಿವಿ ಮುಚ್ಚಿಕೊಂಡರೂ ಕೇಳುತ್ತಿತ್ತು. ನಾನು ಎಷ್ಟು ಚೆನ್ನಾಗಿ ಹಾಡಿದ್ದೇನೆಂದು ಪ್ರತಿ ಸಲವೂ ಅನ್ನಿಸುತ್ತಿತ್ತು. ಅದೇ ಅಸಹ್ಯ.

ಜೀಪು ನಿಂತ ಮೇಲೆ ನೀಲವ್ವನ ಊರಿಗೆ ಹೋದೆ. ಕಟ್ಟೆಯ ಮೇಲೆ ಕೂತು ಹತ್ತಿ ಬಿಡಿಸುತ್ತಿದ್ದಳು. ಕೂಡ್ರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಾನೂ ಕೂತು ಹತ್ತಿ ಬಿಡಿಸಿದೆ. ಸಂಜೆ ಬಸ್ಸಿಗೆ ವಾಪಸು ಬಂದೆ. ಹೀಗೆ ಮೂರು ವಾರ. ನಾಲ್ಕನೆಯ ಸಲ ಹೋದಾಗ ಧೈರ್ಯ ಮಾಡಿ, "ದೊಡ್ಡವ್ವಾ, ಖರೇ ಮಾತು ಏನಿದ್ದುವು? ನನಗ ಹೇಳ್ರಿ" ಎಂದು ಕೇಳಿದೆ.

"ಯಾಕ? ಮತ್ತ ಯಾ ಅಂಗಡಿಗಿ?" ಎಂದಳು.

"ನನ್ನ ಬಾಯಿಂದ ಕೆಟ್ಟದ್ದು ನನ್ನ ಬಾಯಿಂದನ ನೆಟ್ಟಗಾಗತೈತೇನೋ ಅಂತ."

ಹತ್ತಿ ಬಿಡಿಸುತ್ತಲೇ, ಕಿರಾಣಿ ಸಾಮಾನಿನ ಪಟ್ಟಿ ಹೇಳುವ ದನಿಯಲ್ಲಿ ಆಕೆ ಹೇಳಿದಳು: "ಹಸರ ಸೀರಿ ಉಡಿಸಿ ಕಳಿಸ್ಯಾಳ ಹಡದವ್ವ, ಯಾವ ಊರಿಗಿ ಹ್ವಾದಿ ಮಗಳ. ಕೂಸಿನ ಹೆಸರ ಕೇಳವಲ್ಲಿ, ಯಾವ ಊರಿಗಿ ಹ್ವಾದಿ ಮಗಳ."

ನಾನು ಹಾಡಿದೆ. ಢೋಲಕ್ಕಿಲ್ಲ, ಗೆಜ್ಜೆಯಿಲ್ಲ. ಆದರೂ ನನ್ನ ಗಂಟಲಿನಲ್ಲಿ ಅಂಗಡಿಯ ಕುಣಿತ ಉಳಿದಿತ್ತು. ಎರಡನೆಯ ಸಲ ಹಾಡಿದೆ. ಮೂರನೆಯ ಸಲಕ್ಕೆ ನೀಲವ್ವ ಕೈಯೊಳಗಿನ ಹತ್ತಿಯನ್ನು ಕೆಳಗಿಟ್ಟಳು.

"ಹಂಗಲ್ಲಬೇ" ಎಂದಳು. "'ಮಗಳ' ಅನ್ನೂ ಮುಂದ ದನಿ ಮ್ಯಾಲ ಹೋಗೂದಿಲ್ಲ. ಅಲ್ಲಿ ಉಸಿರು ಇರೂದಿಲ್ಲ. ಹಿಂಗ, ನೋಡಿಲ್ಲೆ..."

ತೋರಿಸಲೆಂದು ಬಾಯಿ ತೆರೆದಳು. ಒಂದು ಸಾಲು ಹಾಡಿದಳು. ಎರಡನೆಯ ಸಾಲಿನ 'ಮಗಳ' ಎಂಬಲ್ಲಿ ದನಿ ಒಡೆಯಿತು. ಮುಂದೆ ಹಾಡು ಇರಲಿಲ್ಲ. ಕಟ್ಟೆಗೆ ಹಣೆ ಹಚ್ಚಿ ಅತ್ತಳು. ಓಣಿಯ ಹೆಂಗಸರು ಓಡಿಬಂದು ಹಿಡಿದುಕೊಂಡರು. ನಾನು ಹಿಂದೆ ಸರಿದು ನಿಂತೆ. ಅಲ್ಲಿ ನನ್ನ ಕೆಲಸ ಮುಗಿದಿತ್ತು.

ಮಾಸ್ತರರನ್ನು ಕೊನೆಯ ಸಲ ಕಂಡದ್ದು ಎರಡು ವರ್ಷದ ಮೇಲೆ, ಅಣ್ಣಿಗೇರಿಯ ಬಸ್ ಸ್ಟ್ಯಾಂಡಿನಲ್ಲಿ. ಮನೆಮನೆಗೆ ಟಿ.ವಿ. ಬರತೊಡಗಿ ಜೀಪಿನ ಧಂದೆ ಬಿದ್ದುಹೋಗಿತ್ತು. ಯಂತ್ರಗಳನ್ನು ಮಾರಿದ್ದರು. ಧೋತರದ ಅಂಚು ಹರಿದಿತ್ತು. ನನ್ನನ್ನು ಕಂಡು ಎರಡೂ ಕೈಯಿಂದ ನನ್ನ ಕೈ ಹಿಡಿದು, "ಹಾಡ್ತಿಯೋ ಇಲ್ಲೋ ತಂಗಿ?" ಎಂದು ಕೇಳಿದರು. ಆ ಕೈಗಳು ಬಿಸಿಯಾಗಿದ್ದವು. ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಇವರಿಗೂ ಗೊತ್ತಾಗಲಿ, ಇವರ ಎದೆಯ ಭಾರವೂ ಒಂದಿಷ್ಟು ಇಳಿಯಲಿ ಎನ್ನಿಸಿ, ನೀಲವ್ವನ ಕಟ್ಟೆಯ ಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಉಸಿರಿಲ್ಲದ ಆ 'ಮಗಳ' ಎಂಬ ಮಾತನ್ನೂ ಹೇಳಿದೆ.

ಕೇಳುತ್ತ ಕೇಳುತ್ತ ಮಾಸ್ತರರ ಕಣ್ಣು ತುಂಬಿದವು. ನೀರು ಗಲ್ಲದ ಮೇಲೆ ಇಳಿಯಿತು. ಈ ಮನುಷ್ಯನೊಳಗೂ ಏನೋ ಇದೆ ಎಂದು ನನಗೆ ಅನ್ನಿಸಿತು.

"ತಂಗಿ," ಎಂದರು ನಡುಗುವ ದನಿಯಲ್ಲಿ, "ಟೇಪ್ ಹಚ್ಚಿದ್ದಿಯೋ ಇಲ್ಲೋ?"

"ಇಲ್ರಿ."

"ಅಯ್ಯ ಹುಚ್ಚಿ! ಅಂಥಾದ್ದು ಮತ್ತ ಸಿಗತೈತೇನ?" ಎಂದು ಶಾಲಿನಿಂದ ಕಣ್ಣು ಒರೆಸಿಕೊಂಡರು. ಅವರು ನಿಜವಾಗಿಯೂ ಅಳುತ್ತಿದ್ದರು.

ನಾನು ಕೈ ಬಿಡಿಸಿಕೊಂಡು, ಮುಂದೆ ಬಂದು ನಿಂತ ಬಸ್ಸನ್ನು ಹತ್ತಿದೆ. ಅದು ಎಲ್ಲಿಗೆ ಹೋಗುವುದೆಂದೂ ನೋಡಲಿಲ್ಲ.

ಮರು ವರ್ಷ, ನಾನು ಅಣ್ಣಿಗೇರಿ ಬಿಟ್ಟ ಮೇಲೆ, ಮಾಸ್ತರರು ತೀರಿಕೊಂಡ ಸುದ್ದಿಯನ್ನು ಅಕ್ಕ ಹೇಳಿ ಕಳಿಸಿದಳು. ನಾನು ಹೋಗಲಿಲ್ಲ. ಅವರ ಮನೆಯಲ್ಲಿ ಯಾರು ಹೇಗೆ ಅತ್ತರೋ, ಅದು ನನ್ನ ಕಿವಿಗೆ ಬೀಳುವುದು ನನಗೆ ಬೇಡವಾಗಿತ್ತು.