ಎಡಗೈ ಅಳತೆಯ ಚೂರಿ

ಕೆಂಪಗೆ ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಾಗ ಏಳುವ ವಾಸನೆ ಹೋದ ವಾರ ಮತ್ತೆ ಮೂಗಿಗೆ ಬಡಿಯಿತು. ದಾವಣಗೆರೆಯಲ್ಲಿ ನಮ್ಮ ಬೀದಿಯ ತಿರುವಿನಲ್ಲಿ, ಊರೂರು ಅಲೆಯುವ ಸಂಸಾರವೊಂದು ರಸ್ತೆ ಬದಿಗೆ ಡೇರೆ ಹಾಕಿ ಕೊಡಲಿ, ಕುಡುಗೋಲು ಬಡಿಯುತ್ತಿತ್ತು. ಗಂಡ ಇಕ್ಕಳದಲ್ಲಿ ಹಿಡಿದ ಕಬ್ಬಿಣವನ್ನು ತಗಡಿನ ಡಬ್ಬಿಯ ನೀರಿಗೆ ಇಳಿಸಿದ. ಚುಂಯ್ ಎಂದಿತು, ಬಿಳಿಯ ಹಬೆ ಎದ್ದಿತು. ಇದ್ದಿಲು, ತುಕ್ಕು, ಸುಟ್ಟ ಮಣ್ಣು ಮೂರೂ ಬೆರೆತ ಆ ವಾಸನೆಗೆ ನಾನು ತರಕಾರಿ ಚೀಲ ಹಿಡಿದುಕೊಂಡೇ ನಿಂತುಬಿಟ್ಟೆ. "ಏನ್ ಬೇಕಮ್ಮಾ?" ಎಂದು ಅವನ ಹೆಂಡತಿ ಎರಡು ಸಲ ಕೇಳಿದಳು. ಏನೂ ಬೇಡವೆಂದು ತಲೆಯಾಡಿಸಿ ಮನೆಗೆ ಬಂದೆ. ಅವತ್ತು ಸಂಜೆಯವರೆಗೂ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ. ಓದುವ ನಿಮಗೂ ಇಂಥದೊಂದು ವಾಸನೆ ಇದ್ದೀತು. ಎಲ್ಲವೂ ಹೋದ ಮೇಲೂ ಅದೊಂದು ಹೋಗದೆ ಉಳಿದು, ಬಾಗಿಲು ತಟ್ಟದೆ ಒಳಗೆ ಬಂದು ಕೂರುತ್ತದೆ.

ನಮ್ಮ ಮನೆ ಬುಕ್ಕಾಂಬುಧಿ ಕೆರೆಯಿಂದ ಎರಡು ಮೈಲಿ ಆಚೆ ಇತ್ತು. ಮಣ್ಣಿನ ದಪ್ಪ ಗೋಡೆ, ಬೇಸಿಗೆಯಲ್ಲೂ ತಣ್ಣಗಿರುವ ನಡುಮನೆ, ಹತ್ತಿ ಬಿಡಿಸುವ ಕಾಲಕ್ಕೆ ಸೂರು ಮುಟ್ಟುವಷ್ಟು ಹತ್ತಿಯ ರಾಶಿ ತುಂಬುವ ಪಡಸಾಲೆ. ಆ ರಾಶಿಗೆ ಬೆನ್ನು ಕೊಟ್ಟು ಅಜ್ಜಿ ಕೂರುತ್ತಿದ್ದಳು. ನಮ್ಮಜ್ಜಿ ಎಡಚಿ. ತರಕಾರಿ ಹೆಚ್ಚುವುದು, ಚಿಪ್ಪಿನಿಂದ ಕೊಬ್ಬರಿ ಬಿಡಿಸುವುದು, ಎಲ್ಲವೂ ಎಡಗೈಯಲ್ಲೇ. ಗೇಣುದ್ದದ ಒಂದು ಚೂರಿ ಸದಾ ಅವಳ ಮಗ್ಗುಲಲ್ಲಿರುತ್ತಿತ್ತು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ, ಅವಳ ಮಾವ ಅಜ್ಜಂಪುರದ ಕುಲುಮೆಯಲ್ಲಿ ಎಡಗೈಗೆಂದೇ ಹೇಳಿ ಮಾಡಿಸಿಕೊಟ್ಟದ್ದಂತೆ. ಅದರ ಬಾಯನ್ನು ಒಂದೇ ಮಗ್ಗುಲಿಗೆ ಮಸೆದಿದ್ದರು. ಬಲಗೈಯವರು ಹಿಡಿದರೆ ಬದನೆಕಾಯಿ ಕೂಡ ಓರೆಯಾಗಿ ಹೋಗುತ್ತಿತ್ತು. ನನ್ನ ಅಕ್ಕ ಗಿರಿಜೆ, ನನಗಿಂತ ಆರು ವರ್ಷಕ್ಕೆ ದೊಡ್ಡವಳು, ಅಜ್ಜಿಯ ಹಾಗೆಯೇ ಎಡಚಿಯಾಗಿ ಹುಟ್ಟಿದಳು. ಅವ್ವನಿಗೆ ಅದು ಸಂಕಟ. ಹೋದ ಮನೆಯಲ್ಲಿ ಆಡಿಕೊಳ್ಳುತ್ತಾರೆಂದು, ಅಕ್ಕ ಚಿಕ್ಕವಳಿದ್ದಾಗ ಉಣ್ಣುವ ಹೊತ್ತಿಗೆ ಅವಳ ಎಡಗೈಯನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟುತ್ತಿದ್ದಳು. ಅಜ್ಜಿ ಆ ಗಂಟು ಬಿಚ್ಚುತ್ತಿದ್ದಳು. "ಲಿಂಗಯ್ಯ ಕೂರೋದು ಈ ಕೈ ಮೇಲೇ ಕಣೇ. ಅವನಿಗಿಲ್ಲದ ಮೈಲಿಗೆ ನಿಂಗ್ಯಾಕೆ?" ಎಂದು ಅವ್ವನ ಬಾಯಿ ಮುಚ್ಚಿಸುತ್ತಿದ್ದಳು. ದಿನವೂ ಎಡ ಅಂಗೈ ಮೇಲೆ ಲಿಂಗವಿಟ್ಟು ಪೂಜಿಸುವ ಮನೆಯಲ್ಲಿ ಆ ಮಾತಿಗೆ ಎದುರು ಮಾತಿರಲಿಲ್ಲ.

ಅಜ್ಜಿ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅವಳ ಒಂದು ಫೋಟೋ ಕೂಡ ನಮ್ಮಲ್ಲಿರಲಿಲ್ಲ. ತರೀಕೆರೆಯ ಸ್ಟುಡಿಯೋಗೆ ಕರೆದೊಯ್ಯುತ್ತೇನೆಂದು ಅಪ್ಪ ಎಷ್ಟೋ ಸಲ ಅಂದಿದ್ದ, ಹೋಗಿರಲಿಲ್ಲ. ತಿಂಗಳ ಮೇಲೆ ಒಂದು ದಿನ ಅಪ್ಪ ಅಜ್ಜಿಯ ಚೂರಿಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ಕೂತಿದ್ದ. ಮಸೆದು ಮಸೆದು ಅದು ಬೆರಳಿನಷ್ಟು ಸಣ್ಣಗಾಗಿತ್ತು, ಹಿಡಿ ಸೀಳು ಬಿಟ್ಟಿತ್ತು. "ಅವ್ವನ ಗುರ್ತು ಅಂತ ಉಳಿದಿರೋದು ಇದೊಂದೇ. ಇಂಥದ್ದೇ ಒಂದು ಮಾಡಿಸಿ ಗಿರಿಜಂಗೆ ಕೊಡ್ತೀನಿ. ಅವಳಾದ್ಮೇಲೆ ಮನೇಲಿ ಯಾವುದು ಎಡಚ ಹುಟ್ಟುತ್ತೋ ಅದಕ್ಕೆ," ಎಂದ. ಅವ್ವ ಒಲೆ ಊದುತ್ತಿದ್ದವಳು ತಿರುಗಿ ನೋಡಲಿಲ್ಲ.

ಅಜ್ಜಂಪುರಕ್ಕೆ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ಕುಲುಮೆ ರೈಲು ಹಳಿಯ ಹತ್ತಿರ, ಒಂದು ಬೇವಿನ ಮರದ ಕೆಳಗಿತ್ತು. ನಾವು ಹೋದಾಗ ಕಾದ ಕುಡುಗೋಲೊಂದನ್ನು ಆಗಷ್ಟೇ ನೀರಿಗೆ ಅದ್ದಿದ್ದರು, ಆ ವಾಸನೆ ಮರದಡಿಯೆಲ್ಲ ತುಂಬಿತ್ತು. ಕಮ್ಮಾರ ಕಾಳಾಚಾರ್ರಿಗೆ ಆಗಲೇ ಎಪ್ಪತ್ತು ದಾಟಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಚೂರಿಯನ್ನು ಕಣ್ಣಿನ ಹತ್ತಿರ ತಂದು, ಬೆನ್ನ ಮೇಲಿದ್ದ ಗೀರೊಂದನ್ನು ಹೆಬ್ಬೆರಳಲ್ಲಿ ಸವರಿ, "ರುದ್ರಪ್ನೋರೇ, ಇದು ನಮ್ಮಪ್ಪ ಬಡಿದದ್ದು ಕಣ್ರೀ," ಎಂದರು. ಅಷ್ಟು ಹೇಳಿ ಅದನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, ಈ ಹಳೆಯ ಕಬ್ಬಿಣವನ್ನು ಹೊಸ ಚೂರಿಯ ಬೆನ್ನಿಗೆ ಬೆಸೆಯುತ್ತೇನೆ, ಬಾಯಿಗೆ ಲಾರಿಯ ಸ್ಪ್ರಿಂಗ್ ಪಟ್ಟೆಯ ಉಕ್ಕು ಹಾಕುತ್ತೇನೆ, ಹಿಡಿಗೆ ಜಾಲಿ ಮರ ಎಂದು ಒಂದೊಂದಾಗಿ ವಿವರಿಸಿದರು. ಹುತ್ತದ ಮಣ್ಣನ್ನು ನೀರಲ್ಲಿ ಕಲೆಸಿ ಉಂಡೆ ಮಾಡಿ ಅಕ್ಕನ ಮುಂದೆ ಹಿಡಿದು, "ಬಾ ಮಗಾ, ನೀನು ಚೂರಿ ಹೆಂಗೆ ಹಿಡೀತೀಯೋ ಹಂಗೇ ಹಿಡಿ. ನಾಚ್ಕೋಬೇಡ, ಗಟ್ಟಿಯಾಗಿ," ಎಂದರು. ಅಕ್ಕ ಎಡಗೈ ಚಾಚಿದಳು. ಚಿಕ್ಕಂದಿನಿಂದ ಆ ಕೈಯನ್ನು ಹೊರಗಿನವರ ಮುಂದೆ ಸೆರಗಿನಡಿ ಮುಚ್ಚಿಡಲು ಕಲಿತವಳು, ಅವತ್ತು ಹಲ್ಲು ಕಚ್ಚಿ ಮಣ್ಣನ್ನು ಹಿಚುಕಿದಳು. ಅವಳ ನಾಲ್ಕು ಬೆರಳು, ಹೆಬ್ಬೆರಳು, ಅಂಗೈಯ ಗೆರೆಗಳು ಕೂಡ ಮಣ್ಣಿನಲ್ಲಿ ಮೂಡಿದವು. ಆಚಾರ್ರು ಅದನ್ನು ಒಣಗಲು ಗೂಡಿನಲ್ಲಿಟ್ಟರು. "ಅವಸರ ಮಾಡ್ಬೇಡಿ. ಸಂಕ್ರಾಂತಿ ಕಳೀಲಿ, ಬನ್ನಿ. ಮಗಳನ್ನ ಕರ್ಕೊಂಡೇ ಬನ್ನಿ, ಕೈಗೆ ಕೂತಿದ್ಯಾ ಅಂತ ನೋಡ್ಬೇಕು." ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಆ ಕೈಯನ್ನು ಕಿಟಕಿಯ ಸರಳಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡಿದ್ದಳು. ಅವಳನ್ನು ಅಷ್ಟು ಖುಷಿಯಲ್ಲಿ ನಾನು ಮತ್ತೆ ಕಾಣಲಿಲ್ಲ.

ಸಂಕ್ರಾಂತಿಗೆ ಹದಿನೈದು ದಿನ ಇರುವಾಗ ತರೀಕೆರೆ ಕಡೆಯ ನಮ್ಮ ಸೋದರಮಾವನ ಊರಲ್ಲಿ ಆಲೆಮನೆ ನಡೆಯುತ್ತಿತ್ತು. ಬೆಲ್ಲದ ಪಾಕ ತಿನ್ನುವ ಆಸೆಗೆ ನಾವು ಪ್ರತಿ ವರ್ಷ ಅಲ್ಲಿಗೆ ಹೋಗುತ್ತಿದ್ದೆವು. ಆ ವರ್ಷ ನನಗೆ ಜ್ವರವಿತ್ತು, ಅಕ್ಕ ಒಬ್ಬಳೇ ಹೋದಳು. ಮಾವ ಎತ್ತಿನ ಗಾಣ ಬಿಟ್ಟು ಎಂಜಿನ್ ಗಾಣ ಹಾಕಿಸಿ ಎರಡು ವರ್ಷವಾಗಿತ್ತು. ಮಧ್ಯಾಹ್ನ ಗಾಣಕ್ಕೆ ಕಬ್ಬು ಕೊಡುತ್ತಿದ್ದ ಆಳು ಊಟಕ್ಕೆ ಹೋದಾಗ, ಅಕ್ಕ ನಾನು ಕೊಡ್ತೀನಿ ಎಂದು ನಿಂತಳಂತೆ. ನಿಲ್ಲುವ ಕಟ್ಟೆ ಬಲಗೈಯವರಿಗೆ ಅನುಕೂಲವಾಗುವಂತೆ ಇತ್ತು. ಎಡಗೈಯಲ್ಲಿ ಕೊಡಬೇಕೆಂದರೆ ಗಾಣದ ಮೇಲೆ ಬಾಗಬೇಕಿತ್ತು. ಜಲ್ಲೆಯ ಜೊತೆ ಬಳೆ ಸಿಕ್ಕಿತು, ಬಳೆಯ ಜೊತೆ ಕೈ ಹೋಯಿತು. ಎಂಜಿನ್ ನಿಲ್ಲಿಸಲು ಮಾವ ಓಡಿ ಬರುವಷ್ಟರಲ್ಲಿ ಮೊಣಕೈವರೆಗೆ ಆಗಿಹೋಗಿತ್ತು. ಲಾರಿಯಲ್ಲಿ ಮಲಗಿಸಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಒಯ್ದರು, ಅಲ್ಲಿ ಮೊಣಕೈಯಿಂದ ಕೈ ತೆಗೆದರು. ಅಪ್ಪ ಹನ್ನೊಂದು ದಿನ ಅಲ್ಲಿಯೇ ಇದ್ದ. ಹನ್ನೆರಡನೆಯ ದಿನ ಅಕ್ಕನನ್ನು ಕರೆತಂದಾಗ, ಅವ್ವ ಬಾಗಿಲಲ್ಲಿ ನಿಂತು, "ಬಲಗೈಲಿ ಕೊಟ್ಟಿದ್ರೆ..." ಎಂದು ಶುರು ಮಾಡಿದವಳು, ಅಪ್ಪನ ಮುಖ ನೋಡಿ ಮಾತು ನುಂಗಿದಳು. ಆ ಅರ್ಧ ಮಾತು ಆಮೇಲೆ ನಮ್ಮ ಮನೆಯಲ್ಲಿ ಉಳಿದ ಎಲ್ಲ ವರ್ಷವೂ ಇತ್ತು.

ಮಾಘ ಮಾಸದಲ್ಲಿ ಅಪ್ಪ ನನ್ನನ್ನೊಬ್ಬಳನ್ನೇ ಕರೆದುಕೊಂಡು ಅಜ್ಜಂಪುರಕ್ಕೆ ಹೋದ. ಆಚಾರ್ರಿಗೆ ಸುದ್ದಿ ಮುಟ್ಟಿರಲಿಲ್ಲ. ಎದ್ದು ಬಂದು, ಎಣ್ಣೆ ಬಟ್ಟೆ ಬಿಚ್ಚಿ, ಚೂರಿಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು. ಅಂಥ ಕೆಲಸವನ್ನು ನಾನು ಮತ್ತೆ ಕಂಡಿಲ್ಲ. ಬೆನ್ನಿನಲ್ಲಿ ಹಳೆಯ ಕಬ್ಬಿಣ ಕಪ್ಪಗೆ, ಬಾಯಲ್ಲಿ ಹೊಸ ಉಕ್ಕು ಬೆಳ್ಳಗೆ, ನಡುವೆ ಕೆರೆಯ ಅಲೆಯಂಥ ಒಂದು ಗೆರೆ. ಜಾಲಿಯ ಹಿಡಿಯಲ್ಲಿ ಅಕ್ಕನ ನಾಲ್ಕು ಬೆರಳಿಗೆ ನಾಲ್ಕು ತಗ್ಗು. ನಾನು ಹಿಡಿದು ನೋಡಿದೆ, ನನ್ನ ಬೆರಳು ಅದರಲ್ಲಿ ಕೂರಲಿಲ್ಲ. "ಎಲ್ಲಿ, ಮಗಳು ಬರ್ಲಿಲ್ವಾ?" ಎಂದು ಆಚಾರ್ರು ಅಪ್ಪನ ಬೆನ್ನ ಹಿಂದೆ ನೋಡಿದರು. ಅಪ್ಪ ನನ್ನ ಕೈಯಿಂದ ಚೂರಿ ತೆಗೆದುಕೊಂಡು ಎಣ್ಣೆ ಬಟ್ಟೆಯಲ್ಲಿ ಸುತ್ತತೊಡಗಿದ. "ಜ್ವರ ಆಚಾರ್ರೇ. ಇನ್ನೊಂದು ಸಲ ಕರ್ಕೊಂಡು ಬತ್ತೀನಿ," ಎಂದ. "ಒಳ್ಳೇದಾಯ್ತು ಬಿಡಿ. ಇದು ನನ್ನ ಕೈಯಿಂದ ಆಗೋ ಕೊನೇ ಕೆಲಸ ಅನ್ಕೊಂಡೇ ಮಾಡ್ದೆ," ಎಂದು ಅವರು ನಕ್ಕರು. ಒಣಗಿದ ಮಣ್ಣಿನ ಅಚ್ಚನ್ನೂ ಕೊಡಲು ಬಂದರು. ಅಪ್ಪ ಅದನ್ನು ಮುಟ್ಟಲಿಲ್ಲ.

ಅಕ್ಕ ಚೂರಿಯನ್ನು ಒಂದೇ ಒಂದು ಸಲ ಹಿಡಿದಳು. ಬಲಗೈಯಲ್ಲಿ ಹಿಡಿದು, ಹೀರೇಕಾಯನ್ನು ಕಾಲಿನಿಂದ ಒತ್ತಿಕೊಂಡು ಹೆರೆಯಲು ನೋಡಿದಳು. ಅದು ಸಿಪ್ಪೆ ಬಿಟ್ಟು ತಿರುಳಿಗೇ ಇಳಿಯಿತು. "ಇದು ನನ್ನ ಮಾತು ಕೇಳಲ್ಲ ಕಣೇ," ಎಂದು ನನ್ನ ಕೈಗೆ ಕೊಟ್ಟು ಎದ್ದುಹೋದಳು. ಅಪ್ಪ ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಜಂತಿಯ ಸಂದಿಗೆ ಸಿಕ್ಕಿಸಿದ. ಅಕ್ಕ ಲಿಂಗಪೂಜೆ ಬಿಟ್ಟುಬಿಟ್ಟಿದ್ದಳು, ಲಿಂಗವನ್ನು ಇಡಲು ಕೈಯೇ ಇಲ್ಲವಲ್ಲ. ಒಂದು ಬೆಳಗ್ಗೆ ನಾನು ನಡುಮನೆಗೆ ಹೋದಾಗ, ಅವ್ವ ಅಕ್ಕನ ಪಕ್ಕದಲ್ಲಿ ಮೈಗೆ ಮೈ ತಾಗಿಸಿ ಕೂತು, ತನ್ನ ಎಡ ಅಂಗೈಯನ್ನು ಅವಳ ಎದೆಯ ಮುಂದೆ ಹಿಡಿದಿದ್ದಳು. ಅದರ ಮೇಲೆ ಅಕ್ಕನ ಲಿಂಗವಿತ್ತು. ಅಕ್ಕ ಬಲಗೈಯಿಂದ ವಿಭೂತಿ ಹಚ್ಚುತ್ತಿದ್ದಳು. ಅಕ್ಕನಿಗೆ ಮದುವೆಯಾಗುವವರೆಗೆ, ನಾಲ್ಕು ವರ್ಷ, ಅವ್ವ ಒಂದು ದಿನವೂ ಅದನ್ನು ತಪ್ಪಿಸಲಿಲ್ಲ.

ಆ ಮದುವೆಗೆ ಸ್ವಲ್ಪ ಮುಂಚೆ ಅಪ್ಪನಿಗೆ ಏನನ್ನಿಸಿತೋ, ಆಚಾರ್ರಿಗೆ ನಿಜ ಹೇಳಿ ಬರುತ್ತೇನೆಂದು ಹೊರಟ. ಸಂಜೆ ವಾಪಸು ಬಂದು ಜಗಲಿಯ ಮೇಲೆ ಚಪ್ಪಲಿ ಕೂಡ ಬಿಡದೆ ಕೂತ. ಆಚಾರ್ರು ತೀರಿಹೋಗಿ ಎರಡು ವರ್ಷವಾಗಿತ್ತಂತೆ. ಮಗ ಬೀರೂರಿನಲ್ಲಿ ಯಾವುದೋ ಗ್ಯಾರೇಜಿಗೆ ಸೇರಿದ್ದನಂತೆ, ಕುಲುಮೆಯ ಜಾಗದಲ್ಲಿ ಸೌದೆ ಒಟ್ಟಿದ್ದರಂತೆ. "ಹೋಗ್ಲಿ ಬಿಡು. ಒಂದು ಕೆಲಸ ನೆಟ್ಟಗೆ ಆಯ್ತು ಅನ್ಕೊಂಡು ಹೋದ್ರಲ್ಲ, ಅವರಾದ್ರೂ," ಎಂದ.

ಕಡೂರಿನಿಂದಾಚೆ, ಎಮ್ಮೆದೊಡ್ಡಿ ಕಡೆಯ ಹಳ್ಳಿಯೊಂದಕ್ಕೆ, ಹೆಂಡತಿ ಸತ್ತವನೊಬ್ಬನಿಗೆ ಅಕ್ಕನನ್ನು ಕೊಟ್ಟರು. ಬೇರೆ ಯಾರೂ ಕೇಳಿ ಬಂದಿರಲಿಲ್ಲ. ಅವನು ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಚೂರಿಯನ್ನು ಒಯ್ಯುತ್ತೀಯಾ ಎಂದು ಅಪ್ಪ ಕೇಳಿದಾಗ ಅವಳು ತನ್ನ ಟ್ರಂಕಿನ ಮುಚ್ಚಳ ಹಾಕಿದಳು. ನನ್ನ ಮದುವೆಯಾದ ವರ್ಷವೇ ಅಪ್ಪ ಹೋದ, ಅವನ ಹಿಂದೆಯೇ ಅವ್ವ. ಮನೆಯನ್ನು ದಾಯಾದಿಗಳು ಕೆಡವಿ ಹಂಚಿಕೊಂಡರು. ಕೆಡವುವ ಮುಂಚೆ ನಾನು ಹೋಗಿ ಜಂತಿಗಳ ಸಂದಿಯನ್ನೆಲ್ಲ ತಡಕಿದೆ. ಎಣ್ಣೆ ಬಟ್ಟೆಯೂ ಇರಲಿಲ್ಲ, ಚೂರಿಯೂ ಇರಲಿಲ್ಲ. ಯಾರು ತೆಗೆದರೋ, ಯಾವ ಮನೆಯಲ್ಲಿ ಯಾವ ಬಲಗೈಗೆ ಸಿಕ್ಕಿ ಮೂಲೆಗೆ ಬಿತ್ತೋ ತಿಳಿಯಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಅಕ್ಕನಿಗೆ ಕಾಮಾಲೆ ಹಿಡಿಯಿತು. ನಾನು ಹೋಗುವಷ್ಟರಲ್ಲಿ ಕಣ್ಣು, ಉಗುರು ಎಲ್ಲ ಅರಿಶಿನದಂತಾಗಿದ್ದವು. ಮೂವತ್ತು ತುಂಬಿರಲಿಲ್ಲ, ಅವ್ವನಿಗಿಂತ ವಯಸ್ಸಾದವಳಂತೆ ಕಾಣುತ್ತಿದ್ದಳು. ಮಧ್ಯಾಹ್ನ, ಮನೆಯವರೆಲ್ಲ ಹೊಲಕ್ಕೆ ಹೋಗಿದ್ದಾಗ, ನನ್ನನ್ನು ಹತ್ತಿರ ಕರೆದಳು. "ಶಾಂತಾ, ಆಸ್ಪತ್ರೇಲಿ ನನ್ನ ಕೈನ ಏನ್ ಮಾಡಿದ್ರೇ? ಅಪ್ಪ ನಿಂಗೇನಾದ್ರೂ ಹೇಳಿದ್ನಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಅಪ್ಪ ಮತ್ತು ಸೋದರಮಾವ ಇಬ್ಬರೇ, ಆ ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು. "ನೀನ್ಯಾಕಕ್ಕಾ ಅಪ್ಪನ್ನ ಕೇಳ್ಲಿಲ್ಲ?" ಎಂದೆ.

"ಕೇಳಿದ್ರೆ ಅಳ್ತಾನೆ ಅಂತ ಸುಮ್ನಾದೆ." ಮೊಂಡು ತೋಳನ್ನು ಸವರಿಕೊಂಡು, "ಮಣ್ಣಿಗಾದ್ರೂ ಹಾಕಿರ್ತಾರಾ?" ಎಂದಳು.

"ಹಾಕಿರ್ತಾರೆ ಕಣಕ್ಕಾ."

ನಾನು ಸುಳ್ಳು ಹೇಳುವಾಗ ನನ್ನ ದನಿ ಹೇಗಾಗುತ್ತದೆಂದು ಚಿಕ್ಕಂದಿನಿಂದ ಬಲ್ಲವಳು ಅವಳು. ಗೋಡೆಯ ಕಡೆ ಹೊರಳಿಕೊಂಡಳು. ಅದಾದ ಮೇಲೆ ಒಂಬತ್ತು ದಿನ ಇದ್ದಳು, ಬೇರೆ ಏನನ್ನೂ ಕೇಳಲಿಲ್ಲ.