ಎಗ್ಲಿಂಟನ್ ರಸ್ತೆಯ ರೈಲಿಗೆ ಕಾದ ಸುಲೈಖಾ

ಸುಲೈಖಾ ಟೊರೊಂಟೊ ನೋಡಿದವಳಲ್ಲ. ಆದರೆ ಆ ಊರಿನ ಎಗ್ಲಿಂಟನ್ ಎಂಬ ಉದ್ದ ರಸ್ತೆಯಲ್ಲಿ ಎಲ್ಲಿ ಗುಂಡಿ ತೋಡಿದ್ದಾರೆ, ಬೇಲಿಯನ್ನು ಯಾವ ಕಡೆಗೆ ಸರಿಸಿದ್ದಾರೆ, ಬಸ್ಸು ಈಗ ಎಲ್ಲಿ ತಿರುಗುತ್ತದೆ ಎಂಬುದೆಲ್ಲ ಅವಳಿಗೆ ನಾವಿದ್ದ ಬಡಾವಣೆ ಸೆಗಯಾದ ಗಲ್ಲಿಗಳಷ್ಟೇ ಚೆನ್ನಾಗಿ ಗೊತ್ತಿತ್ತು. ರೈಲೇ ಇಲ್ಲದ ಬಹ್ರೈನಿನಲ್ಲಿ ಕೂತು ಅವಳು ಅಷ್ಟು ದೂರದ ಒಂದು ರೈಲಿಗೆ ಕಾದಳು. ಕಾಯುತ್ತ ಕಾಯುತ್ತ ಅವಳ ಕೂದಲು ಹಣ್ಣಾಯಿತು.

ನಾವಿಬ್ಬರೂ ಒಂದೇ ಕಟ್ಟಡದಲ್ಲಿ ಎದುರುಬದುರು ಬಾಗಿಲಿನವರು. ನಾನು ಬಜ್ಪೆ ಕಡೆಯವಳು, ಒಂದು ಫರ್ನಿಚರ್ ಕಂಪನಿಯ ಆಫೀಸಿನಲ್ಲಿ ಕೆಲಸ. ಅವಳು ಫರಂಗಿಪೇಟೆಯ ಬ್ಯಾರಿ ಹೆಂಗಸು, ಕ್ಲಿನಿಕ್ಕೊಂದರ ರಿಸೆಪ್ಷನ್ನಿನಲ್ಲಿದ್ದಳು. ಅವಳ ಗಂಡ ಮಸೂದ್ ಟೈಲರ್. ಕಟ್ಟಡದ ಕೆಳಗೇ ಅವನ ಅಂಗಡಿ. ಕೋಟು ಹೊಲಿಯುವುದರಲ್ಲಿ ಅವನದು ಒಳ್ಳೆಯ ಕೈ. ನಮ್ಮ ಇಗರ್ಜಿಯ ಹುಡುಗರು ಮದುವೆ ನಿಶ್ಚಯವಾದ ಕೂಡಲೇ ಬಟ್ಟೆ ಹಿಡಿದುಕೊಂಡು ಅವನಲ್ಲಿಗೆ ಓಡಿ ಬರುತ್ತಿದ್ದರು. ಮಸೂದ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಿದ್ದ, ಸೂಜಿ ಬೀಳುತ್ತಿರಲಿಲ್ಲ.

ಅವನ ಚಿಕ್ಕಪ್ಪನ ಮಗ ನಿಯಾಝ್ ಎಷ್ಟೋ ವರ್ಷದಿಂದ ಕೆನಡಾದಲ್ಲಿದ್ದವನು. ಟೊರೊಂಟೊದಲ್ಲಿ ಅವನಿಗೆ ಗಂಡಸರ ಸೂಟಿನ ಅಂಗಡಿಯಿತ್ತು. ಒಂದು ರಜೆಯಲ್ಲಿ ಊರಿಗೆ ಹೋಗುವಾಗ ನಡುವೆ ಬಹ್ರೈನಿನಲ್ಲಿ ಇಳಿದು ಇವರ ಮನೆಗೆ ಬಂದ. ಆ ದಿನ ಊಟಕ್ಕೆ ನನ್ನನ್ನೂ ಕರೆದಿದ್ದರು.

"ಅಂಗಡಿಯ ಎದುರಿಗೇ ರೈಲು ಬರ್ತದೆ ಮಸೂದ್," ಎಂದ ನಿಯಾಝ್. "ಕೆಲವು ಕಡೆ ನೆಲದ ಅಡಿಯಲ್ಲಿ, ಕೆಲವು ಕಡೆ ರಸ್ತೆ ಮೇಲೆ. ನಮ್ಮಲ್ಲಿ ಅಡಿಯಲ್ಲಿ. ಸ್ಟೇಷನ್ನಿನ ಬಾಗಿಲು ನಮ್ಮ ಅಂಗಡಿಗೆ ಕಾಣ್ತದೆ. ರೈಲು ಶುರುವಾದ ಮೇಲೆ ಅಲ್ಲಿ ಕಾಲಿಡ್ಲಿಕ್ಕೆ ಜಾಗ ಸಿಗ್ಲಿಕ್ಕಿಲ್ಲ. ಈಗಲೇ ಬಾ. ನನಗೆ ಕಟಿಂಗ್ ಗೊತ್ತಿರುವ ಒಬ್ಬ ಬೇಕು, ವರ್ಕ್ ಪರ್ಮಿಟ್ ನಾನು ಮಾಡಿಸ್ತೇನೆ."

"ಕೆಲಸ ಎಲ್ಲಿಗೆ ಬಂತು?" ಎಂದು ಮಸೂದ್ ಕೇಳಿದ.

"ತೋಡ್ತಾ ಇದ್ದಾರಲ್ಲ. ಸ್ವಲ್ಪ ಸಮಯ ಕಷ್ಟ. ಮತ್ತೆ ನೋಡು."

ಮಸೂದ್ ನೋಡಿದ್ದು ಹೆಂಡತಿಯ ಮುಖವನ್ನು. ಅವಳು ಅನ್ನದ ತಟ್ಟೆಯಿಂದ ಕಣ್ಣೆತ್ತದೆ, "ನಿಮಗೆ ಮನಸ್ಸಿದ್ರೆ ಹೋಗಿ," ಎಂದಳು. ಮಗಳು ಸಾಹಿರಾ ಆಗ ನಾಲ್ಕನೆಯ ಕ್ಲಾಸು. ಮೊದಲು ಅವನು ಹೋಗುವುದು, ರೈಲು ಬಂದು ಅಂಗಡಿ ಕುದುರಿದ ಮೇಲೆ ಇವರಿಬ್ಬರನ್ನೂ ಕರೆಸಿಕೊಳ್ಳುವುದು ಎಂದು ಮಾತಾಯಿತು. ಸೆಗಯಾದ ಅಂಗಡಿಯನ್ನು ಬೇರೊಬ್ಬ ಟೈಲರಿಗೆ ಬಿಟ್ಟುಕೊಟ್ಟರು. ಸುಲೈಖಾಳಿಗೆ ಕ್ಲಿನಿಕ್ಕಿನ ವೀಸಾ ಇತ್ತು, ಮಗಳನ್ನೂ ಅದಕ್ಕೇ ಸೇರಿಸಿಕೊಂಡಳು. ಮಸೂದ್ ತನ್ನ ದೊಡ್ಡ ಕತ್ತರಿಯನ್ನು ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯ ಅಡಿಗೆ ಇಟ್ಟುಕೊಂಡು ಹೊರಟ.

ಪ್ರತಿ ಶುಕ್ರವಾರ ಮಧ್ಯಾಹ್ನದ ನಂತರ, ಅಸರ್ ನಮಾಜಿನ ಹೊತ್ತಿಗೆ ಅವನ ವಿಡಿಯೋ ಕಾಲ್ ಬರುತ್ತಿತ್ತು. ಅಲ್ಲಿ ಆಗ ಬೆಳಿಗ್ಗೆ, ಅಂಗಡಿ ತೆರೆಯುವ ಸಮಯ. ಮೊದಮೊದಲು ಮಾತಿನಲ್ಲಿ ಬಹಳ ಉಮೇದು. ಫೋನನ್ನು ತಿರುಗಿಸಿ ರಸ್ತೆ ತೋರಿಸುತ್ತಿದ್ದ. ಹಳದಿ ಯಂತ್ರಗಳು, ಕಬ್ಬಿಣದ ಹಾಳೆ ಹೊದೆಸಿದ ಗುಂಡಿಗಳು, ಅಂಗಡಿಗಳ ಮುಂದೆ ಆಳೆತ್ತರದ ಮರದ ಹಲಗೆಯ ಬೇಲಿ. ಬೇಲಿಗೂ ಅಂಗಡಿಗೂ ನಡುವೆ ಒಬ್ಬರು ಎದುರಾದರೆ ಇನ್ನೊಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಷ್ಟು ದಾರಿ.

"ಇದರ ಹಿಂದೆಯೇ ಸ್ಟೇಷನ್ನು, ಕಾಣ್ತದಾ?" ಎಂದು ಅವನು ಕೇಳುತ್ತಿದ್ದ.

ಅವಳಿಗೆ ಹಲಗೆ ಮಾತ್ರ ಕಾಣುತ್ತಿತ್ತು. "ಹಾಂ, ಕಾಣ್ತದೆ," ಎನ್ನುತ್ತಿದ್ದಳು.

ಮುಂದಿನ ವರ್ಷ ರೈಲು ಎಂದರು. ಆ ವರ್ಷ ಬಂದಾಗ ಇನ್ನೂ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ. ಸುಲೈಖಾ ಆಫೀಸಿನಿಂದ ಬರುವ ನನ್ನನ್ನು ಮೆಟ್ಟಿಲಿನಲ್ಲೇ ಹಿಡಿದು, "ಒಲಿವಿಯಾ ಬಾಯಿ, ನಿಮ್ಮ ಫೋನಿನಲ್ಲಿ ಸ್ವಲ್ಪ ನೋಡಿ, ಆ ಎಗ್ಲಿಂಟನ್‌ದು ಎಂತ ಆಯ್ತು ಅಂತ," ಎನ್ನುವಳು. ನಾನು ಇಂಗ್ಲಿಷ್ ಸುದ್ದಿ ಹುಡುಕಿ ಓದಿ ಹೇಳುವೆ. ಸುರಂಗ ಮುಗಿದಿದೆ, ಸ್ಟೇಷನ್ ಮುಗಿದಿಲ್ಲ. ಹಳಿ ಹಾಕಿದ್ದಾರೆ, ಪರೀಕ್ಷೆ ನಡೆಯಬೇಕು. ಅಲ್ಲಿನ ಬೇರೆ ಊರುಗಳ ಸುದ್ದಿಯೂ ನಡುವೆ ಬರುತ್ತಿತ್ತು. ಒಟ್ಟಾವದಲ್ಲಿ ಶುರುವಾಯಿತಂತೆ, ಮಾಂಟ್ರಿಯಲ್‌ನಲ್ಲಿ ಶುರುವಾಯಿತಂತೆ. "ಎಲ್ಲ ಕಡೆ ಆಗ್ತದೆ," ಎಂದಳು ಒಮ್ಮೆ. "ನಮ್ಮದೊಂದು ಆಗುದಿಲ್ಲ." ಆ ರೈಲನ್ನು ಅವಳು ನಮ್ಮದು ಎಂದೇ ಕರೆಯುತ್ತಿದ್ದಳು.

ಅಂಗಡಿ ಒಳಗಿಂದೊಳಗೇ ಸೊರಗಿತು. ಗಾಡಿ ನಿಲ್ಲಿಸಲು ಜಾಗವಿಲ್ಲ. ಹಳೆಯ ಗಿರಾಕಿಗಳು ಬಾಗಿಲು ಹುಡುಕಲಾಗದೆ ಫೋನ್ ಮಾಡಿ, ಬೇಸತ್ತು ವಾಪಸು ಹೋಗುತ್ತಿದ್ದರು. ತೂಗುಹಾಕಿದ ಕಪ್ಪು ಕೋಟುಗಳ ಹೆಗಲ ಮೇಲೆ ಪ್ರತಿ ಬೆಳಿಗ್ಗೆ ಸಿಮೆಂಟಿನ ಧೂಳು. ಬರಬರುತ್ತಾ ಮಸೂದ್ ರಸ್ತೆ ತೋರಿಸುವುದನ್ನು ಬಿಟ್ಟ. ಅಕ್ಕಪಕ್ಕದ ಒಂದೊಂದೇ ಅಂಗಡಿಯ ಹೆಸರು ಹೇಳಿ, ಅದು ಮುಚ್ಚಿತು, ಇದು ಮುಚ್ಚಿತು ಎನ್ನುತ್ತಿದ್ದ. ಆಮೇಲೆ ಕೊರೊನಾ ಬಂತು.

ತಮ್ಮ ಅಂಗಡಿ ಮುಚ್ಚಿದ್ದನ್ನು ಅವನು ಹೇಳಲಿಲ್ಲ. ಅವಳೇ ಕಂಡುಕೊಂಡಳು. ಒಂದು ಶುಕ್ರವಾರ ಅವನ ಬೆನ್ನ ಹಿಂದೆ ಕೋಟುಗಳಿರಲಿಲ್ಲ, ಪ್ಲಾಸ್ಟಿಕ್ ಸುತ್ತಿದ ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ ಪೇರಿಸಿದ್ದವು.

"ಅದು ಯಾವ ಜಾಗ?" ಎಂದಳು.

"ಗೋದಾಮು."

"ಅಂಗಡಿ?"

ಅವನು ಹಣೆ ಒರೆಸಿಕೊಂಡ. "ನಿಯಾಝ್ ಬಿಟ್ಟುಬಿಟ್ಟ. ಅವನೀಗ ಬೇರೆ ಊರಲ್ಲಿ ಟ್ರಕ್ಕು ಓಡಿಸ್ತಾನೆ."

ಅವನ ಪರ್ಮಿಟ್ಟು ಆ ಅಂಗಡಿಯ ಹೆಸರಿನಲ್ಲಿತ್ತು. ಅಂಗಡಿ ಹೋದ ಮೇಲೆ ಅದಕ್ಕೂ ಬೆಲೆಯಿಲ್ಲ. ಬೇರೆ ಯಾರೂ ಹೊಸದು ಮಾಡಿಕೊಡಲಿಲ್ಲ. ಕಾಗದಪತ್ರವಿಲ್ಲದವರನ್ನು ಇಟ್ಟುಕೊಳ್ಳುವ ಗೋದಾಮಿನಲ್ಲಿ ಅವನು ಪೆಟ್ಟಿಗೆ ಎತ್ತುತ್ತಿದ್ದ. ಕತ್ತರಿ ಹಿಡಿಯುತ್ತಿದ್ದ ಕೈಯ ಬೆರಳುಗಳು ಊದಿಕೊಂಡಿದ್ದವು. ಆ ದಿನ ಸುಲೈಖಾ ನನ್ನ ಬಾಗಿಲು ತಟ್ಟಿ ತನ್ನ ಮನೆಯೊಳಗೆ ಕರೆದಳು. ಅವರು ಬ್ಯಾರಿಯಲ್ಲೇ ಮಾತಾಡುತ್ತಿದ್ದರು, ನನಗೆ ಅರ್ಥವಾಗುತ್ತದೆ.

"ಬನ್ನಿ ನೀವು. ಖಲಾಸ್. ಸಾಕು ಅದು," ಎಂದಳು ಅವಳು.

"ಬಂದು ಎಂತ ಮಾಡುದು? ಅಲ್ಲಿ ನನ್ನ ಮೇಜಿನ ಹತ್ತಿರ ಬೇರೆಯವ ಕೂತಿದ್ದಾನೆ. ಈಗ ಇಲ್ಲಿಂದ ಕಾಲು ತೆಗೆದ್ರೆ ಮತ್ತೆ ಇಲ್ಲಿಗೆ ಬರ್ಲಿಕ್ಕಾಗುದಿಲ್ಲ."

"ಯಾಕೆ ಮತ್ತೆ ಹೋಗ್ಬೇಕು?"

"ಇಷ್ಟು ವರ್ಷ ಕಾದದ್ದು ಎಂತಕ್ಕೆ ಹಾಗಾದ್ರೆ? ರೈಲು ಬಂದ್ರೆ ಆ ರಸ್ತೆಯಲ್ಲಿ ಎಲ್ಲರಿಗೂ ಕೆಲಸ ಉಂಟು. ಯಾರಾದ್ರೂ ಅಂಗಡಿ ತೆರೀತಾರೆ. ಪರ್ಮಿಟ್ಟೂ ಆಗ್ತದೆ."

ಸುಲೈಖಾ ಫೋನನ್ನು ನನ್ನ ಕೈಗೆ ಕೊಟ್ಟಳು. "ನೀವು ಹೇಳಿ ಬಾಯಿ."

ನಾನು ಹೇಳಿದೆ. ಬಾ ಮಸೂದ್, ಮಗಳು ದೊಡ್ಡವಳಾಗ್ತಾ ಇದ್ದಾಳೆ ಎಂದೆ. ಅವನು ತಲೆಯಾಡಿಸಿದ. ಬರುತ್ತೇನೆ ಎಂದೂ ಅಲ್ಲ, ಬರುವುದಿಲ್ಲ ಎಂದೂ ಅಲ್ಲ. ಗೋದಾಮಿನಲ್ಲಿ ಯಾರೋ ಕೂಗಿದರು, ಅವನು ಹೋದ.

ಸಾಹಿರಾ ಬೆಳೆದಳು. ಅವಳ ಬಾಯಲ್ಲಿ ಇಂಗ್ಲಿಷೇ ಹೆಚ್ಚು. ಚಿಕ್ಕವಳಿದ್ದಾಗ ಅಪ್ಪನ ಫೋನಿಗೆ ಕಿತ್ತಾಡುತ್ತಿದ್ದವಳು, ಆಮೇಲೆ ಪಕ್ಕದ ಕೋಣೆಯಿಂದಲೇ "ಸಲಾಂ ಹೇಳು ಉಮ್ಮ" ಎನ್ನುತ್ತಿದ್ದಳು. ಡಿಗ್ರಿ ಮುಗಿಸಿದ ವರ್ಷ ಅವಳಿಗೆ ಸಂಬಂಧ ಬಂತು. ಹುಡುಗ ಫೈಝಲ್, ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ. ತಾಯಿ ಆಮಿನಮ್ಮನ ಜೊತೆ ಅಲ್ಲೇ ಹತ್ತಿರದ ಅರಾದ್‌ನಲ್ಲಿ ಮನೆ. ಉಳ್ಳಾಲದ ಒಳ್ಳೆಯ ಜನ.

ನಿಖಾಹ್‌ಗೆ ತಂದೆ ಬೇಕು. ಸುಲೈಖಾ ಒಂದು ವಾರ ದಿನವೂ ಫೋನ್ ಮಾಡಿ ಅತ್ತಳು, ಬೈದಳು, ಕೊನೆಗೆ ಸುಮ್ಮನಾದಳು. ಮಸೂದ್ ತನ್ನ ಪರವಾಗಿ ಹೆಂಡತಿಯ ಅಣ್ಣ ಯೂಸುಫನನ್ನು ನೇಮಿಸಿದ. ಮದುವೆಯ ಹಾಲಿನಲ್ಲಿ ಉಸ್ತಾದರು ಫೋನ್ ಹಿಡಿದು, "ನಿಮ್ಮ ಮಗಳ ನಿಖಾಹ್ ನಡೆಸಿಕೊಡಲು ಯೂಸುಫರಿಗೆ ಒಪ್ಪಿಗೆ ಉಂಟಲ್ಲ?" ಎಂದು ಕೇಳಿದರು. ಪರದೆಯಲ್ಲಿ ಮಸೂದ್ ಬೂದುಬಣ್ಣದ ಕೋಟು ಹಾಕಿ ಕೂತಿದ್ದ. ತಾನೇ ಹೊಲಿದದ್ದಿರಬೇಕು, ಒಂದು ಕಾಲದಲ್ಲಿ ಅಳತೆಗೆ ಸರಿಯಾಗಿದ್ದದ್ದು. ಈಗ ಕೋಟಿನ ಹೆಗಲು ಅವನ ಹೆಗಲಿಗಿಂತ ಆಚೆ ಜೋತುಬಿದ್ದಿತ್ತು.

"ಉಂಟು," ಎಂದ. ದನಿ ಕೇಳಿಸಲಿಲ್ಲ. ಉಸ್ತಾದರು ಇನ್ನೊಮ್ಮೆ ಕೇಳಿದರು.

"ಉಂಟು, ಉಂಟು," ಎಂದು ಅವನು ಜೋರಾಗಿ ಹೇಳಿದ್ದಕ್ಕೆ ಹಿಂದಿನ ಸಾಲಿನ ಕೆಲವರು ನಕ್ಕರು. ಹೆಂಗಸರ ಕಡೆ ಕೂತಿದ್ದ ಸಾಹಿರಾ ತಲೆ ತಗ್ಗಿಸಿಯೇ ಇದ್ದಳು. ಫೋನನ್ನು ಅವಳ ಬಳಿಗೆ ತರುವಷ್ಟರಲ್ಲಿ ಸಂಪರ್ಕ ಕಡಿದುಹೋಗಿತ್ತು. ಮತ್ತೆ ಹಚ್ಚಲು ಯಾರಿಗೂ ಪುರುಸೊತ್ತಾಗಲಿಲ್ಲ, ಬಿರಿಯಾನಿಯ ಪಾತ್ರೆಗಳು ಬಂದಿದ್ದವು.

ಆ ರೈಲು ಕೊನೆಗೂ ಶುರುವಾಯಿತು. ಕಳೆದ ಚಳಿಗಾಲದ ಒಂದು ಭಾನುವಾರ. ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಸುಲೈಖಾ ಫೋನ್ ಹಿಡಿದು ನನ್ನ ಅಡುಗೆಮನೆಗೇ ಬಂದಳು. ಮಸೂದ್ ರೈಲಿನೊಳಗಿದ್ದ.

"ನೋಡು, ಶಬ್ದವೇ ಇಲ್ಲ," ಎನ್ನುತ್ತಿದ್ದ. "ಎಲ್ಲ ಹೊಸತು. ಮಕ್ಕಳು ಬಾವುಟ ಹಿಡ್ಕೊಂಡು ಬಂದಿದ್ದಾರೆ. ಈಗ ನಮ್ಮ ಸ್ಟೇಷನ್ ಬರ್ತದೆ."

ಇಳಿದ. ಎಸ್ಕಲೇಟರಿನಲ್ಲಿ ಮೇಲೆ ಬಂದ. ಬಿಳಿ ಬೆಳಕು, ಗಾಜಿನ ಗೋಡೆ, ಹೊರಗೆ ಹಿಮ. ಬೇಲಿಯಿಲ್ಲದ ಆ ರಸ್ತೆಯನ್ನು ಸುಲೈಖಾ ಮೊದಲ ಸಲ ನೋಡಿದಳು. ಎಷ್ಟು ಅಗಲದ ರಸ್ತೆ! ನಿಯಾಝನ ಅಂಗಡಿಯಿದ್ದ ಸಾಲು ಪೂರ್ತಿ ಮಾಯವಾಗಿತ್ತು. ಅಲ್ಲಿ ಹತ್ತಾರು ಮಹಡಿಯ ಕಟ್ಟಡವೊಂದು ಏಳುತ್ತಿತ್ತು, ಅದರ ಮುಂದೆ ನಗುವ ಗಂಡಹೆಂಡಿರ ಚಿತ್ರವಿರುವ ಜಾಹೀರಾತು. ಮಸೂದ್ ಫೋನನ್ನು ಆ ಕಡೆ ಹಿಡಿದ.

"ಒಳ್ಳೇದಾಯ್ತು," ಎಂದಳು ಸುಲೈಖಾ. "ತಲೆಗೆ ಎಂತದೂ ಹಾಕ್ಲಿಲ್ವಾ ನೀವು? ಚಳಿ ಅಲ್ವಾ?"

"ಹಾಕ್ತೇನೆ. ಮತ್ತೆ... ಒಂದು ವಿಷಯ. ನಾನು ಆ ಬೇಸ್‌ಮೆಂಟಿನ ರೂಮು ಬಿಡ್ಬೇಕು. ರೈಲು ಬಂತಲ್ಲ, ಓನರ್ ಅದನ್ನು ರಿಪೇರಿ ಮಾಡಿ ಹೆಚ್ಚು ಬಾಡಿಗೆಗೆ ಕೊಡ್ತಾನಂತೆ. ಈ ರಸ್ತೆಯಲ್ಲಿ ಇನ್ನು ನಮಗೆಲ್ಲ ಸಿಗುದಿಲ್ಲ. ದೂರ ಒಂದು ಕಡೆ ನೋಡಿದ್ದೇನೆ, ಬಸ್ಸಿನಲ್ಲಿ ಹೋಗ್ಬೇಕು."

"ಕೆಲಸ? ಅಂಗಡಿ ತೆರೆಯುವವರು ಯಾರಾದ್ರೂ?"

"ನೋಡುವಾ," ಎಂದ.

ಫೋನ್ ಇಟ್ಟ ಮೇಲೆ ಅವಳು ನನ್ನ ಸ್ಟೂಲಿನ ಮೇಲೆ ಕೂತಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. "ರೈಲು ಬಾರದಿರುವಾಗ ಒಂದು ನೆಪ ಇತ್ತು ಬಾಯಿ," ಎಂದಳು. "ಇನ್ನು ಎಂತ ಹೇಳಿ ಕಾಯುದು?"

ಬೇಸಿಗೆಗೆ ಮೊದಲೇ ಅವಳ ಕ್ಲಿನಿಕ್ಕು ಬೇರೊಬ್ಬರ ಕೈಗೆ ಹೋಯಿತು. ಹಳಬರನ್ನು ತೆಗೆದರು. ವೀಸಾ ಮುಗಿಯುವುದರೊಳಗೆ ಅಳಿಯ ಫೈಝಲ್ ಏನೋ ಓಡಾಡಿ ಅವಳನ್ನು ತನ್ನ ಮನೆಯಲ್ಲಿ ಇರಿಸಿಕೊಳ್ಳುವ ದಾರಿ ಮಾಡಿದ. ಸೆಗಯಾದ ಮನೆ ಖಾಲಿಯಾಯಿತು. ಮಂಚ, ಕಪಾಟು ಯಾರಿಗೋ ಹೋದವು. ಎದುರಿನ ಬಾಗಿಲಿಗೆ ಈಗ ನೇಪಾಳದ ಹುಡುಗರು ಬಂದಿದ್ದಾರೆ.

ಮೊನ್ನೆ ಶುಕ್ರವಾರ ಅರಾದ್‌ಗೆ ಹೋಗಿದ್ದೆ. ಸುಲೈಖಾ ತೆಳ್ಳಗಾಗಿದ್ದಾಳೆ. ಸಾಹಿರಾ ಮತ್ತು ಫೈಝಲ್ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಅಡುಗೆ ಇವಳದೇ. ಮನೆಯ ಮೇಲೆ ವಿಮಾನ ಇಳಿಯುವಾಗೆಲ್ಲ ಮಾತು ನಿಲ್ಲಿಸಬೇಕು, ಅದು ದಾಟಿದ ಮೇಲೆ ಮುಂದುವರಿಸಬೇಕು. ಮಸೂದ್ ಈಗ ತಿಂಗಳಿಗೊಮ್ಮೆ ಮಾತಾಡುತ್ತಾನಂತೆ. ಹೊಸ ರೂಮಿನಲ್ಲಿ ಆರು ಜನ, ಮಾತಾಡಲು ಹೊರಗೆ ಬರಬೇಕಂತೆ. ಬೆನ್ನು ನೋವಂತೆ.

"ಬರುವ ಸುದ್ದಿ ಎತ್ತುದಿಲ್ವಾ?" ಎಂದು ಕೇಳಿದೆ.

"ಅವರೂ ಎತ್ತುದಿಲ್ಲ, ನಾನೂ ಎತ್ತುದಿಲ್ಲ. ಎತ್ತಿದ್ರೆ ಮತ್ತೆ ಫೋನೇ ಬರ್ಲಿಕ್ಕಿಲ್ಲ ಅಂತ ಹೆದರಿಕೆ."

ಆಮಿನಮ್ಮನನ್ನು ನೋಡಲು ಬಂದಿದ್ದ ಹೊಸ ನೆರೆಮನೆಯಾಕೆ ಅಷ್ಟರಲ್ಲಿ ಸುಲೈಖಾಳ ಕಡೆ ತಿರುಗಿ, "ನಿಮ್ಮವರು ಎಲ್ಲಿದ್ದಾರೆ?" ಎಂದು ಕೇಳಿದಳು. ಮೊದಲಾದರೆ ಕೆನಡಾ ಎಂದು ಹೇಳಿ, ರೈಲಿನ ಕಥೆಯನ್ನೆಲ್ಲ ಬಿಚ್ಚುತ್ತಿದ್ದಳು.

"ದೂರದಲ್ಲಿ," ಎಂದಳು ಸುಲೈಖಾ. ಮತ್ತೆ ಎದ್ದು, ಅನ್ನ ಬಸಿಯಬೇಕು ಎಂದು ಒಳಗೆ ಹೋದಳು.