ಸೊಪ್ಪಣ್ಣ ಹೊಗಳಿದ ಸೂಪು

ಹೇಳಿಕೇಳಿ ದೊಡ್ಡ ರೆಸ್ಟೋರೆಂಟು. ಬಿಳೀ ಮೇಜುಬಟ್ಟೆ, ಒಬ್ಬೊಬ್ಬರ ಮುಂದೆ ಮೂರು ಮೂರು ಲೋಟ, ನಡೆದರೆ ಹೆಜ್ಜೆ ಸಪ್ಪಳ ಕೇಳಿಸದಂಥ ದಪ್ಪ ಕಾರ್ಪೆಟ್ಟು. ಅಲ್ಲಿ ಇಪ್ಪತ್ತಾರು ವರ್ಷದಿಂದ ಬಡಿಸುತ್ತಿದ್ದವನನ್ನು ಅಡುಗೆಮನೆಯವರೆಲ್ಲ ಕರೆಯುತ್ತಿದ್ದದ್ದು ಸೊಪ್ಪಣ್ಣ ಅಂತ. ಹುಟ್ಟಿದಾಗಿನಿಂದ ಮೀನು ಮಾಂಸ ಬಾಯಿಗಿಟ್ಟವನಲ್ಲ. ಮಧ್ಯಾಹ್ನ ಕೆಲಸದವರೆಲ್ಲ ಒಟ್ಟಿಗೆ ಕೂತು ಕೋಳಿ ತಿನ್ನುವಾಗ ಇವನು ಮೂಲೆಯ ಸ್ಟೂಲಿನ ಮೇಲೆ ಮನೆಯಿಂದ ತಂದ ಡಬ್ಬಿ ಬಿಚ್ಚುತ್ತಿದ್ದ. ಹೆಸರಿಗೆ ಅವನು ಬೇಜಾರು ಮಾಡಿಕೊಂಡವನೂ ಅಲ್ಲ, ಹೆಮ್ಮೆಪಟ್ಟವನೂ ಅಲ್ಲ. ಕರೆದರೆ ಓಗೊಡುತ್ತಿದ್ದ, ಅಷ್ಟೆ.

ಆದರೆ ಒಂದು ಮಾತು ಹೇಳಲೇಬೇಕು. ತಾನು ಒಮ್ಮೆಯೂ ತಿನ್ನದ ಅಡುಗೆಗಳನ್ನು ಇವನಷ್ಟು ಚೆನ್ನಾಗಿ ವರ್ಣಿಸುವವರು ಆ ರೆಸ್ಟೋರೆಂಟಿನಲ್ಲಿ ಇನ್ನೊಬ್ಬರಿರಲಿಲ್ಲ. ಹೊಸ ಅಡುಗೆ ಏನೇ ಬಂದರೂ ಸಂಜೆ ನಾಲ್ಕಕ್ಕೆ ಸ್ಟೀಲ್ ಮೇಜಿನ ಸುತ್ತ ಎಲ್ಲರೂ ಚಮಚ ಹಿಡಿದು ನಿಲ್ಲಬೇಕು. ತಿಂದು ನೋಡಿದ್ದರೆ ತಾನೇ ಗಿರಾಕಿಗೆ ಹೇಳಲಾಗುವುದು? ಸೊಪ್ಪಣ್ಣ ಮಾತ್ರ ಚಮಚ ಬಿಟ್ಟು ಪಕ್ಕದವರ ಮುಖ ನೋಡುತ್ತಿದ್ದ. ಯಾರ ಹುಬ್ಬು ಮೇಲೇರಿತು, ಯಾರು ಕಣ್ಣು ಮುಚ್ಚಿಕೊಂಡರು, ಯಾರು ನುಂಗುವ ಮುಂಚೆಯೇ ಮತ್ತೊಂದು ಚಮಚಕ್ಕೆ ಕೈಚಾಚಿದರು, ಎಲ್ಲ ಗಮನಿಸುತ್ತಿದ್ದ. ಆಮೇಲೆ ಮೇಜಿನ ಬಳಿ ಹೋಗಿ, "ಬಾಯಲ್ಲಿಟ್ಟರೆ ಕರಗುತ್ತೆ ಸಾರ್" ಅನ್ನುತ್ತಿದ್ದ. ಗಿರಾಕಿ ತಲೆದೂಗಿ ತರಿಸಿಕೊಳ್ಳುತ್ತಿದ್ದ. ಬೇರೆಯವರ ನಾಲಿಗೆಯ ಮೇಲೆ ಬದುಕಿದ ಅನ್ನಿ ಬೇಕಾದರೆ.

ಸಸ್ಯಾಹಾರಿಗಳ ಮೇಜಿಗೆ ಬಂದರೆ ಮಾತ್ರ ಅವನ ದನಿಯೇ ಬೇರೆ. ಆ ಮೇಜುಗಳನ್ನೆಲ್ಲ ಉಳಿದವರು ಅವನಿಗೇ ಬಿಟ್ಟಿದ್ದರು. ಅಲ್ಲಿಯ ಮೆನು ಕಾರ್ಡಿನಲ್ಲಿ ನಲವತ್ತು ಬಗೆ ಇದ್ದರೆ ಮುಂದೆ ಹಸಿರೆಲೆಯ ಗುರುತು ಹಾಕಿ ಇವರಿಗೆ ಇಟ್ಟದ್ದು ಐದು. ಐದರಲ್ಲಿ ಎರಡು ಹಸಿ ಎಲೆಯ ಸಲಾಡು. ಉಳಿದದ್ದರಲ್ಲಿ ಒಂದು ಬೇಯಿಸಿದ ತರಕಾರಿ: ಅಗಲವಾದ ತಟ್ಟೆ, ನಟ್ಟನಡುವೆ ನಾಲ್ಕು ಕ್ಯಾರೆಟ್ಟು, ಮೂರು ಬೀನ್ಸು, ಮೇಲೊಂದು ಎಣ್ಣೆಯ ಗೆರೆ. ಜೊತೆಯವರು ತಮ್ಮ ತಟ್ಟೆಯನ್ನು ಕೊಂಡಾಡಿಕೊಂಡು ತಿನ್ನುತ್ತಿದ್ದರೆ ಈ ಪಾಪದವರು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ನಗುಮುಖ ಹಾಕಿಕೊಂಡು ಕೂರಬೇಕು. ಸೊಪ್ಪಣ್ಣ ಅವರ ಕಿವಿಯ ಹತ್ತಿರ ಬಗ್ಗಿ, "ಪಾಸ್ತಾ ಬೇಡ, ಬರೀ ಸಪ್ಪೆ. ಅಣಬೆ ಸೂಪ್ ತಗೊಳ್ಳಿ. ನನಗೆ ಬಿಡಿ" ಅನ್ನುತ್ತಿದ್ದ. ಅದೊಂದನ್ನು ಅವನು ತಾನೇ ಕುಡಿದು ನೋಡಿ ಹೇಳುತ್ತಿದ್ದ.

ಹಾಗೆ ಅವನ ಮಾತು ನಂಬಿ ಬರುತ್ತಿದ್ದವರಲ್ಲಿ ಬುಧವಾರದ ಅಮ್ಮ ಒಬ್ಬರು. ಎಪ್ಪತ್ತರ ಆಸುಪಾಸು. ಪ್ರತಿ ಬುಧವಾರ ಮಧ್ಯಾಹ್ನ ಗಂಡನ ತೋಳು ಹಿಡಿದು ಬಂದು ಕಿಟಕಿ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದರು. ಯಜಮಾನರಿಗೆ ಕಿವಿ ಮಂದ, ಹಸಿವು ಮಾತ್ರ ಹುಡುಗರದ್ದು. ಅವರಿಗೆ ಇಡೀ ಮೀನು, ಅಮ್ಮನಿಗೆ ಅಣಬೆ ಸೂಪು. ಬಟ್ಟಲು ಇಟ್ಟ ಕೂಡಲೇ ಅಮ್ಮ ತಲೆಯೆತ್ತಿ ಕೇಳುವುದು ಒಂದೇ ಪ್ರಶ್ನೆ: "ಇದರಲ್ಲಿ ಏನೂ ಇಲ್ಲ ತಾನೇ?"

"ಏನೂ ಇಲ್ಲಮ್ಮ, ಧೈರ್ಯವಾಗಿ ತಗೊಳ್ಳಿ."

ಏಳು ತಿಂಗಳ ಕೆಳಗೆ ಹಳೇ ಶೆಫ್ ಹೋಗಿ ಹೊಸಬಳು ಬಂದಳು. ಮೂವತ್ತೈದು ದಾಟಿರದ ಹೆಂಗಸು, ಕೈ ಬಲು ಚುರುಕು, ಬಾಯಿ ಅದಕ್ಕಿಂತ. ಅವಳು ಮೊದಲ ದಿನವೇ ಸೂಪು ಬದಲಾಯಿಸಿದಳು. ನಾಲ್ಕು ಗಂಟೆಯ ಮೇಜಿನಲ್ಲಿ ಸೊಪ್ಪಣ್ಣ ಒಂದು ಚಮಚ ಕುಡಿದ, ಸುಮ್ಮನೆ ನಿಂತ, ಇನ್ನೊಂದು ಚಮಚ ಕುಡಿದ. ಹೊಟ್ಟೆಯೊಳಗೆಲ್ಲ ಬೆಚ್ಚಗಾಯಿತು. "ಅಮ್ಮಣ್ಣೀ, ಇಷ್ಟು ವರ್ಷದಲ್ಲಿ ಇಂಥ ಸೂಪ್ ಕುಡಿದಿಲ್ಲ ನಾನು" ಅಂದ. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ತಾನು ಅತಿಯಾಗಿ ಹೊಗಳಿದ್ದಕ್ಕೆ ನಗುತ್ತಿದ್ದಾರೆ ಅಂದುಕೊಂಡ ಇವನು. ಆ ಬುಧವಾರ ಅಮ್ಮನೂ ಬಟ್ಟಲು ತಳ ಕಾಣಿಸುವ ತನಕ ಕುಡಿದರು. ಅದಕ್ಕೆ ಮುಂಚೆ ಅರ್ಧ ಬಿಡುತ್ತಿದ್ದರು.

ಏಳು ತಿಂಗಳು ಹೀಗೇ ನಡೆಯಿತು. ಮೊನ್ನೆ ಮಂಗಳವಾರ ಬೆಳಿಗ್ಗೆ ಮೇಜುಗಳಿಗೆ ಬೆಣ್ಣೆ ತರಲು ಅವನೇ ಕೋಲ್ಡ್ ರೂಮಿನೊಳಗೆ ಹೋಗಬೇಕಾಯಿತು. ಅಲ್ಲಿ ಡಬ್ಬಿ ಡಬ್ಬಿಗೂ ಟೇಪು ಅಂಟಿಸಿ, ಒಳಗೇನಿದೆ, ಯಾವತ್ತಿನದು ಅಂತ ಬರೆದಿಡುತ್ತಾರೆ. ಬೆಣ್ಣೆಯ ಪಕ್ಕದ ದೊಡ್ಡ ಡಬ್ಬಿಯ ಮೇಲೆ ಶೆಫಮ್ಮನ ಗುಂಡಗಿನ ಅಕ್ಷರ: ಮೂಳೆ ಸ್ಟಾಕ್, ಸೋಮವಾರ, ಅಣಬೆ ಸೂಪಿಗೆ.

ಸೊಪ್ಪಣ್ಣ ಎರಡು ಸಲ ಓದಿದ. ಸ್ಟಾಕ್ ಅಂದರೆ ಮೂಳೆ ಬೇಯಿಸಿ ಬಸಿದ ನೀರು. ಹೊರಗೆ ಬಂದು, ಬೆಣ್ಣೆಯನ್ನು ಎಲ್ಲೋ ಇಟ್ಟು, ಈರುಳ್ಳಿ ಹೆಚ್ಚುತ್ತಿದ್ದ ಶೆಫಮ್ಮನ ಮುಂದೆ ನಿಂತ.

"ಅಮ್ಮಣ್ಣೀ, ಸೂಪಿಗೆ ಮೂಳೆ ಹಾಕ್ತೀರಾ?"

"ಮತ್ತೆ? ಆ ರುಚಿ ನೀರಿಂದ ಬರುತ್ತಾ ಅಣ್ಣಾ?"

"ಕಾರ್ಡಲ್ಲಿ ಅದರ ಮುಂದೆ ಎಲೆ ಗುರುತಿದೆಯಲ್ಲ!"

"ಯಾವ ಎಲೆ?" ಅವಳ ಚಾಕು ನಿಂತಿತು. ಅಡುಗೆಮನೆಯವರು ಕಾರ್ಡು ಓದುವುದಿಲ್ಲ, ಬಡಿಸುವವರು ಪಾತ್ರೆಯೊಳಗೆ ಇಣುಕುವುದಿಲ್ಲ. ಅಲ್ಲಿಯ ರೀತಿಯೇ ಅದು. "ಅಯ್ಯೋ ದೇವರೇ. ಅಣ್ಣಾ, ನೀವು ಏನೂ ತಿನ್ನಲ್ಲ ಅಂತ ಇವರೆಲ್ಲ ಹೇಳಿದ್ರು. ನೋಡಿದ್ರೆ ನೀವೇ ಎರಡನೇ ಚಮಚ ತಗೊಂಡ್ರಿ. ಕೊನೆಗೂ ಮನಸ್ಸು ಬದಲಾಯಿಸಿದ್ರೇನೋ ಅಂದ್ಕೊಂಡ್ವಿ. ಬಾಯಿಬಿಟ್ಟು ಕೇಳಿದ್ರೆ ನಿಮಗೆ ಮುಜುಗರ ಆಗುತ್ತೆ ಅಂತ ಎಲ್ಲರೂ ಸುಮ್ನಿದ್ವಿ. ನಿಮಗೆ ಗೊತ್ತಾಗ್ಲಿಲ್ವಾ?"

ಹೇಗೆ ಗೊತ್ತಾಗಬೇಕು? ಆ ಕೋಣೆಯಲ್ಲಿ ಮೂಳೆಯ ರುಚಿ ಗೊತ್ತಿಲ್ಲದ ನಾಲಿಗೆ ಇದ್ದದ್ದು ಅವನೊಬ್ಬನಿಗೇ. ಸಸ್ಯಾಹಾರಿಗಳೆಲ್ಲ ನಂಬಿದ್ದು ಆ ನಾಲಿಗೆಯನ್ನೇ. ಅವನಿಗೆ ಅಳು ಬರುವಷ್ಟು ನಾಚಿಕೆಯಾಯಿತು.

ಶೆಫಮ್ಮ ಕೈ ಒರೆಸಿಕೊಂಡು ಹತ್ತಿರ ಬಂದಳು. "ಆ ಎಲೆ ಗುರುತು ತೆಗೆಸಿಬಿಡೋಣ ಅಣ್ಣಾ. ಇವತ್ತಿಂದ ಸಸ್ಯಾಹಾರಿಗಳು ಯಾರಿಗೂ ಅದನ್ನ ಕೊಡಬೇಡಿ. ಆಗಿದ್ದನ್ನ ಯಾರಿಗೂ ಹೇಳೋದು ಬೇಡ. ಗೊತ್ತಿಲ್ಲದೆ ಕುಡಿದೋರು ನೆಮ್ಮದಿಯಾಗಿದ್ದಾರೆ. ಹೇಳಿ ಅವರ ಹೊಟ್ಟೆ ಯಾಕೆ ತೊಳಸೋ ಹಾಗೆ ಮಾಡ್ತೀರಿ? ನನ್ನ ಕೆಲಸಾನೂ ಹೋಗುತ್ತೆ."

ಅವಳು ಹೇಳುವುದೂ ಸುಳ್ಳಲ್ಲ. ಬಂದು ಹೋಗುವ ಗಿರಾಕಿಗಳನ್ನು ಎಲ್ಲಿ ಅಂತ ಹುಡುಕುವುದು? ಆದರೆ ಬುಧವಾರದ ಅಮ್ಮ ಎಲ್ಲಿಯೂ ಹೋಗಿಲ್ಲ. ನಾಳೆ ಬಂದು ಕೂರುತ್ತಾರೆ, ತಲೆಯೆತ್ತಿ ಕೇಳುತ್ತಾರೆ.

ಮಾರನೆಯ ಬೆಳಿಗ್ಗೆ ಹೆಂಡತಿ ಅವನ ಬಿಳೀ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. "ಏನ್ರೀ ಇದು, ನಿನ್ನೆಯಿಂದ ಮುಖ ಹುಳ್ಳಗೆ ಮಾಡ್ಕೊಂಡು ಕೂತಿದೀರಿ?" ಅಂದಳು. ಅವನು ಎಲ್ಲ ಹೇಳಿ, ಈಗ ಏನು ಮಾಡಲಿ ಅಂದ. ಅವಳು ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ, ತಡೆಯಲಾರದೆ ನಕ್ಕುಬಿಟ್ಟಳು.

"ಏಳು ತಿಂಗಳಿಂದ ನನ್ನ ಅಡುಗೆಯಲ್ಲಿ ಏನೋ ಕಮ್ಮಿ ಏನೋ ಕಮ್ಮಿ ಅಂತಿದ್ರಲ್ಲ, ಇದಾ ಕಮ್ಮಿಯಾಗಿದ್ದಿದ್ದು!"

"ನಗಬೇಡ ಕಣೇ."

"ಅಳಲಾ ಮತ್ತೆ? ಗೊತ್ತಿಲ್ಲದೆ ಕುಡಿದ್ರಿ, ನಿಮ್ಮದು ಮುಗೀತು." ಆಮೇಲೆ ಅಂಗಿಯ ಕಾಲರು ತಿರುಗಿಸುತ್ತ ಮೆಲ್ಲಗೆ ಕೇಳಿದಳು: "ಆ ಅಮ್ಮ ಪ್ರತಿ ಸಲ ಕೇಳಿಕೊಂಡೇ ಕುಡೀತಾರಾ?"

"ಪ್ರತಿ ಸಲ."

"ಹಾಗಿದ್ರೆ ನನ್ನನ್ನ ಯಾಕ್ರೀ ಕೇಳ್ತೀರಿ" ಅಂದವಳೇ ಅಂಗಿಯನ್ನು ಅವನ ಕೈಗೆ ಕೊಟ್ಟಳು.

ಮಧ್ಯಾಹ್ನ ಒಂದಕ್ಕೆ ಅವರಿಬ್ಬರೂ ಬಂದರು. ಯಜಮಾನರ ಮೀನು ಬಂತು. ಸೊಪ್ಪಣ್ಣ ಬರಿಗೈಯಲ್ಲಿ ಅಮ್ಮನ ಪಕ್ಕ ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟು ನೇರವಾಗಿ ಹೇಳಿದ.

"ಅಮ್ಮ, ಒಂದು ತಪ್ಪಾಗಿದೆ. ಆ ಸೂಪಿಗೆ ಏಳು ತಿಂಗಳಿಂದ ಮೂಳೆ ಹಾಕಿ ಮಾಡ್ತಿದ್ದಾರೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ನಿಮಗೆ ಏನೂ ಇಲ್ಲ ಏನೂ ಇಲ್ಲ ಅಂತ ಹೇಳ್ದೆ. ನನ್ನನ್ನ ಕ್ಷಮಿಸಬೇಕು."

ಬೈಯುತ್ತಾರೆ, ಮ್ಯಾನೇಜರನ್ನು ಕರೆಸುತ್ತಾರೆ, ಇಲ್ಲಾ ಎದ್ದು ಹೋಗುತ್ತಾರೆ ಅಂದುಕೊಂಡಿದ್ದ. ಅಮ್ಮ ಮಡಿಲ ಮೇಲಿನ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು. ಮತ್ತೆ ಬಿಡಿಸಿದರು.

"ಯಾಕಪ್ಪಾ ಹೇಳಿದ್ರಿ?" ಅಂದರು.

ಸೊಪ್ಪಣ್ಣನಿಗೆ ಅರ್ಥವಾಗಲಿಲ್ಲ.

"ನಾನು ಐವತ್ತೆಂಟು ವರ್ಷ ಎಲ್ಲ ತಿಂದವಳು. ಮೊದಲನೇ ಚಮಚಕ್ಕೇ ಗೊತ್ತಾಯ್ತು ನನಗೆ." ಅವರು ಗಂಡನ ಕಡೆ ಒಮ್ಮೆ ನೋಡಿದರು. ಯಜಮಾನರು ಮೀನಿನಲ್ಲಿ ಮುಳುಗಿಹೋಗಿದ್ದರು. "ಇವರು ಆಸ್ಪತ್ರೇಲಿ ಹತ್ತೊಂಬತ್ತು ದಿನ ಕಣ್ಣು ಬಿಡಲಿಲ್ಲ. ಡಾಕ್ಟರು ಕೈಚೆಲ್ಲಿದ್ರು. ಇವರು ಎದ್ದು ಕೂತರೆ ಇನ್ನು ಜನ್ಮದಲ್ಲಿ ಮೀನು ಮಾಂಸ ಮುಟ್ಟಲ್ಲ ಅಂತ ದೇವರಿಗೆ ಹೇಳ್ಕೊಂಡೆ. ಎದ್ದು ಕೂತ್ರು. ಇವರಿಗೆ ಇದೊಂದೂ ಗೊತ್ತಿಲ್ಲ. ನನಗೆ ಜೀರ್ಣ ಆಗಲ್ಲ ಅಂತ ಹೇಳಿದೀನಿ. ಗೊತ್ತಾದ್ರೆ ಇವರು ಒಂದು ತುತ್ತೂ ತಿನ್ನಲ್ಲ."

"ಮತ್ತೆ... ಪ್ರತಿ ಸಲ ನನ್ನನ್ನ ಕೇಳ್ತಿದ್ರಲ್ಲಮ್ಮ?"

"ಕೇಳ್ತಿದ್ದೆ. ನೀವು ಏನೂ ಇಲ್ಲ ಅಂತಿದ್ರಿ. ನನಗೇ ಏನೋ ಭ್ರಮೆ, ಬಡಿಸೋರಿಗಿಂತ ನನಗೆ ಹೆಚ್ಚು ಗೊತ್ತಾ ಅಂದ್ಕೊಂಡು ಕುಡೀತಿದ್ದೆ. ವಾರಕ್ಕೊಂದು ಬಟ್ಟಲು. ಹರಕೆ ಹೊತ್ತ ಈ ಹನ್ನೆರಡು ವರ್ಷದಲ್ಲಿ, ಊಟ ಮಾಡಿದೆ ಅಂತ ಅನ್ನಿಸ್ತಿದ್ದಿದ್ದು ಅವತ್ತೊಂದೇ ದಿನ." ಅವರ ದನಿ ಸಣ್ಣಗಾಯಿತು. "ಇಷ್ಟು ದಿನ ನಿಮ್ಮ ಮಾತಿನ ಮೇಲೆ ಕುಡಿದೆ. ಇನ್ನು ಹೇಗೆ ಕುಡೀಲಿ, ಹೇಳಿ?"

ಸತ್ಯ ಹೇಳಿದ್ದಕ್ಕೆ ಸೊಪ್ಪಣ್ಣನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮುದುಕಿಯ ಕೈಯಲ್ಲಿದ್ದ ತುತ್ತನ್ನು ಕಸಿದುಕೊಂಡಂತಾಯಿತು.

"ಈಗ ನಾನೇನು ತಿನ್ನಲಿ?" ಅಂದರು ಅಮ್ಮ. ಕೋಪವಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

ಅವನು ಅಭ್ಯಾಸಬಲದಿಂದ ಬಾಯಿ ತೆರೆದ. ಹಸಿ ಎಲೆ. ಪಾಸ್ತಾ. ನಾಲ್ಕು ಕ್ಯಾರೆಟ್ಟು, ಮೂರು ಬೀನ್ಸು. ಅದನ್ನೆಲ್ಲ ಬಿಟ್ಟು, "ಸ್ವಲ್ಪ ಕೂತಿರಿ ಅಮ್ಮ, ಬಂದೆ" ಅಂದು ಅಡುಗೆಮನೆಗೆ ನಡೆದ.

ಇಪ್ಪತ್ತಾರು ವರ್ಷದಲ್ಲಿ ಅವನು ಅಲ್ಲಿ ಗಿರಾಕಿಯ ಆರ್ಡರು ಹೇಳಿದ್ದನೇ ಹೊರತು ತನ್ನದಾಗಿ ಏನೂ ಕೇಳಿದವನಲ್ಲ. "ಅಮ್ಮಣ್ಣೀ, ಹೇಳಿಬಿಟ್ಟೆ" ಅಂದ. ಶೆಫಮ್ಮನ ಮುಖದ ಬಣ್ಣ ಇಳಿಯಿತು. "ಅವರು ಯಾರಿಗೂ ದೂರು ಕೊಡಲ್ಲ. ಹಸಿದು ಕೂತಿದ್ದಾರೆ. ಸಸ್ಯಾಹಾರಿಗಳು ಬೇರೆಯವರ ಜೊತೆಗೆ ಬರ್ತಾರೆ, ಊಟಕ್ಕೆ ಬರಲ್ಲ ಅಂತ ನೀವೆಲ್ಲ ಅಂತೀರಲ್ಲ. ಇವರು ಊಟಕ್ಕೇ ಬಂದಿದ್ದಾರೆ. ತಿಂದ ಹಾಗೆ ಅನ್ನಿಸೋ ಥರ ಒಂದು ಬಟ್ಟಲು ಮಾಡಿಕೊಡಿ. ಮೂಳೆ ಇಲ್ಲದೆ."

ಅವಳು ಒಲೆಯ ಮೇಲೆ ಬಾಣಲೆ ಇಟ್ಟಳು. ಈರುಳ್ಳಿಯನ್ನು ಕರಿಕಾಗುವ ಅಂಚಿನ ತನಕ ಬೆಣ್ಣೆಯಲ್ಲಿ ಹುರಿದಳು. ಒಣ ಅಣಬೆ ನೆನೆಸಿದ ಕಪ್ಪು ನೀರು ಸುರಿದಳು. ಹಸಿ ಅಣಬೆಯನ್ನು ಬೇರೆಯಾಗಿ ಕೆಂಪಗೆ ಹುರಿದು ಸೇರಿಸಿದಳು. ಚಮಚದಲ್ಲಿ ತೆಗೆದು ಅವನತ್ತ ಚಾಚಿದಾಗ ಅವನು ತಲೆಯಾಡಿಸಿದ. "ನನ್ನನ್ನ ಕೇಳಬೇಡಿ. ನನಗೆ ಗೊತ್ತಾಗಲ್ಲ."

ಬಟ್ಟಲನ್ನು ತಾನೇ ತಂದು ಅಮ್ಮನ ಮುಂದಿಟ್ಟ. ಈ ಸಲ ಅವರು ತಲೆಯೆತ್ತಿ ಏನೂ ಕೇಳಲಿಲ್ಲ. ಒಂದು ಚಮಚ ಕುಡಿದು, ಬಾಯಲ್ಲೇ ಇಟ್ಟುಕೊಂಡು, ನಿಧಾನವಾಗಿ ನುಂಗಿದರು. ಸೊಪ್ಪಣ್ಣ ಜೀವಮಾನವಿಡೀ ಎಷ್ಟೋ ಮುಖ ಓದಿದವನು, ಆ ಮುಖದಲ್ಲಿ ಅವನಿಗೆ ಏನೂ ತಿಳಿಯಲಿಲ್ಲ.

"ಚೆನ್ನಾಗಿದೆ ಅಂತ ಹೇಳ್ಲಾ, ನಿಜ ಹೇಳ್ಲಾ?"

"ನಿಜಾನೇ ಹೇಳಿ ಅಮ್ಮ."

"ಅದರ ಹತ್ತಿರಕ್ಕೂ ಬರಲ್ಲ ಇದು."

ಅವನು ತಲೆತಗ್ಗಿಸಿದ. ಎದುರಿಗೆ ಯಜಮಾನರು ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಒಂದೊಂದಾಗಿ ಇಡುತ್ತಿದ್ದರು. ಗಲ್ಲಕ್ಕೆ ಒಂದಿಷ್ಟು ಬೆಣ್ಣೆ ಮೆತ್ತಿತ್ತು. ಹೆಂಡತಿ ತನ್ನನ್ನೇ ನೋಡುತ್ತಿರುವುದು ಕಂಡು, ಬಾಯಿ ತುಂಬ ಮೀನಿಟ್ಟುಕೊಂಡೇ ಅವರು ಜೋರಾಗಿ, "ಬಹಳ ಚೆನ್ನಾಗಿದೆ ಕಣೇ ಇವತ್ತು!" ಅಂದರು. ಅಮ್ಮ ಕೈಚಾಚಿ ಆ ಬೆಣ್ಣೆ ಒರೆಸಿದರು.

"ಇರ್ಲಿ ಬಿಡಿ" ಅಂದು, ಮತ್ತೆ ಚಮಚ ಎತ್ತಿಕೊಂಡರು.